ಹಡಗು ಹತ್ತದ ಪೆಟ್ಟಿಗೆಗಳು

ಬ್ಯಾಲೆ ನರ್ತಕಿಯ ಚಿತ್ರವನ್ನು ನೀವು ನೋಡಿಯೇ ಇರುತ್ತೀರಿ. ಕಾಲ್ಬೆರಳ ತುದಿಯ ಮೇಲೆ ನಿಂತ ಹುಡುಗಿ, ಸೊಂಟದ ಸುತ್ತ ತಟ್ಟೆಯ ಹಾಗೆ ಅಗಲವಾಗಿ ಹರಡಿದ ಬಿಳಿ ಲಂಗ. ಆ ಲಂಗಕ್ಕೆ ಟುಟು ಎಂದು ಹೆಸರು. ನೋಡಲು ಹೂವಿನಷ್ಟು ಹಗುರ. ಒಳಗೆ ಮಾತ್ರ ಬಲೆಯಂಥ ಬಟ್ಟೆಯ ಪದರದ ಮೇಲೆ ಪದರ, ಒಂದೊಂದಕ್ಕೂ ನೆರಿಗೆ ಹಿಡಿದು ಹೊಲಿದಿರುತ್ತಾರೆ. ಒಂದು ಲಂಗಕ್ಕೇ ಮೀಟರುಗಟ್ಟಲೆ ಬಟ್ಟೆ ಬೇಕು. ಇನ್ನು ಆ ಬೂಟು! ತುದಿ ಗಟ್ಟಿಯಾಗಿರಲು ಒಳಗೆ ಮರದ ತುಂಡು ಇಟ್ಟಿರುತ್ತಾರೆ ಎಂದು ಎಷ್ಟೋ ಜನ ತಿಳಿದಿದ್ದಾರೆ. ಇಲ್ಲ ಮಕ್ಕಳೇ, ಅಲ್ಲಿರುವುದು ಬಟ್ಟೆ, ಕಾಗದ ಮತ್ತು ಅಂಟು. ಕುಣಿದು ಬೆವರಿದಂತೆ ಅಂಟು ಮೆತ್ತಗಾಗುತ್ತದೆ. ದೊಡ್ಡ ಪಾತ್ರ ಮಾಡುವವರ ಒಂದು ಜೊತೆ ಬೂಟು ಒಂದೇ ರಾತ್ರಿಗೆ ಮುಗಿದುಹೋಗುವುದೂ ಉಂಟು.

ಇಷ್ಟು ಬಟ್ಟೆ ಬೇಡುವ ಕಲೆ, ಬಟ್ಟೆಯೇ ಸಿಗದ ಕಾಲದಲ್ಲಿ ಏನು ಮಾಡಿತು? ಎರಡನೆಯ ಮಹಾಯುದ್ಧದ ಕಾಲದ ಇಂಗ್ಲೆಂಡಿನ ಈ ಕಥೆ ನನಗೆ ಬಹಳ ಇಷ್ಟ.

1940ರ ಮೇ ತಿಂಗಳು. ಲಂಡನ್ನಿನ ಸ್ಯಾಡ್ಲರ್ಸ್ ವೆಲ್ಸ್ ಬ್ಯಾಲೆ ತಂಡ ಹಾಲೆಂಡಿಗೆ ಪ್ರವಾಸ ಹೋಗಿತ್ತು. ಹಾಲೆಂಡ್ ಆಗ ಯಾರ ಪಕ್ಷಕ್ಕೂ ಸೇರದ ದೇಶ. ತಂಡದ ಯಜಮಾನಿ ನಿನೆಟ್ ಡ ವ್ಯಾಲ್ವಾ, ಬಹಳ ಶಿಸ್ತಿನ ಹೆಂಗಸು. ಮುಖ್ಯ ನರ್ತಕಿ ಮಾರ್ಗೊ ಫಾಂಟೇನ್‌ಗೆ ಇನ್ನೂ 21 ತುಂಬಿರಲಿಲ್ಲ. ಊರಿಂದೂರಿಗೆ ಬಸ್ಸಿನಲ್ಲಿ ಓಡಾಡುತ್ತ ಪ್ರದರ್ಶನ ಕೊಡುತ್ತಿದ್ದರು. ಮೇ 9ರ ರಾತ್ರಿ ಜರ್ಮನಿಯ ಗಡಿಗೆ ಹತ್ತಿರದ ಆರ್ನೆಮ್ ಊರಿನಲ್ಲಿ ಕುಣಿದು, ತಡರಾತ್ರಿ ಹೇಗ್ ನಗರಕ್ಕೆ ಮರಳಿ ಮಲಗಿದರು. ಬೆಳಗಿನ ಜಾವ ಎಚ್ಚರವಾದದ್ದು ಬಾಂಬಿನ ಸದ್ದಿಗೆ. ಜರ್ಮನ್ ಸೇನೆ ಹಾಲೆಂಡಿಗೆ ನುಗ್ಗಿತ್ತು. ಹೋಟೆಲಿನ ಛಾವಣಿ ಹತ್ತಿ ನೋಡಿದರೆ, ದೂರದಲ್ಲಿ ಸೈನಿಕರು ಪ್ಯಾರಾಚೂಟು ಬಿಚ್ಚಿಕೊಂಡು ಆಕಾಶದಿಂದ ಇಳಿಯುತ್ತಿದ್ದರು. ಪ್ಯಾರಾಚೂಟನ್ನು ನೆನಪಿಟ್ಟುಕೊಳ್ಳಿ, ಅದು ಈ ಕಥೆಯಲ್ಲಿ ಮತ್ತೆ ಬರುತ್ತದೆ.

ಕೆಲವು ದಿನ ಹೋಟೆಲಿನಲ್ಲೇ ಕಾದು, ಕೊನೆಗೆ ಬಸ್ಸಿನಲ್ಲಿ ಸಮುದ್ರ ತೀರ ಮುಟ್ಟಿದರು. ಸರಕು ಸಾಗಿಸುವ ಹಡಗೊಂದರ ಹೊಟ್ಟೆಯೊಳಗೆ ತುಂಬಿಕೊಂಡು ಇಂಗ್ಲೆಂಡ್ ಸೇರಿದರು. ಜೀವ ಉಳಿಯಿತು. ಆದರೆ ಪೆಟ್ಟಿಗೆಗಳು ಹಡಗು ಹತ್ತಲಿಲ್ಲ. ಹಲವು ಬ್ಯಾಲೆಗಳ ಉಡುಪು, ಪರದೆ, ಸಂಗೀತದ ಹಾಳೆಗಳು ಎಲ್ಲ ಹಾಲೆಂಡಿನಲ್ಲೇ ಉಳಿದವು.

ಆ ಪೆಟ್ಟಿಗೆಗಳಲ್ಲಿ ‘ಚೆಕ್‌ಮೇಟ್’ ಎಂಬ ಬ್ಯಾಲೆಯ ಉಡುಪುಗಳಿದ್ದವು. ಚದುರಂಗದ ಕಾಯಿಗಳೇ ಎದ್ದು ಕುಣಿದು ಕಾದಾಡುವ ಕಥೆ ಅದು. ಕಪ್ಪು ರಾಣಿ, ಕೆಂಪು ರಾಜ, ಕುದುರೆ, ಕಾಲಾಳು ಎಲ್ಲರಿಗೂ ಬೇರೆ ಬೇರೆ ವೇಷ. ಯುದ್ಧ ಮುಗಿದ ಮೇಲೆ ಅದನ್ನು ಹೊಸ ಉಡುಪಿನೊಂದಿಗೆ ಮತ್ತೆ ಕಟ್ಟಿದರು. ‘ಹೊರೊಸ್ಕೋಪ್’ಗೆ ಆ ಭಾಗ್ಯ ಬರಲಿಲ್ಲ. ಹೆಸರೇ ಜಾತಕ! ಅದರ ಸಂಗೀತ ಬರೆದವರು ಕಾನ್‌ಸ್ಟಂಟ್ ಲ್ಯಾಂಬರ್ಟ್. ಪೂರ್ತಿ ವಾದ್ಯಮೇಳದ ಪ್ರತಿ ಇನ್ನೂ ಅಚ್ಚಾಗಿರಲಿಲ್ಲ, ಅದೂ ಉಡುಪುಗಳ ಜೊತೆಯಲ್ಲೇ ಹೋಯಿತು. ಸಂಗೀತದ ಕೆಲವು ಭಾಗಗಳನ್ನು ಇಂದಿಗೂ ಕೇಳಬಹುದು. ಕುಣಿತ ಮಾತ್ರ ಮತ್ತೆ ರಂಗ ಹತ್ತಲಿಲ್ಲ.

ಬರಿಗೈಯಲ್ಲಿ ಬಂದ ತಂಡಕ್ಕೆ ಮುಂದಿನ ವರ್ಷ ಇನ್ನೊಂದು ಕಷ್ಟ ಎದುರಾಯಿತು. 1941ರ ಜೂನ್ 1ರಿಂದ ಇಂಗ್ಲೆಂಡಿನಲ್ಲಿ ಬಟ್ಟೆಗೂ ರೇಷನ್ ಬಂತು. ಗಿರಣಿಗಳು ಸೈನಿಕರ ಸಮವಸ್ತ್ರ ನೇಯಬೇಕಿತ್ತಲ್ಲ! ದೊಡ್ಡವರಿಗೆ ಮೊದಲ ವರ್ಷಕ್ಕೆ 66 ಕೂಪನ್. ಬಟ್ಟೆ ಕೊಳ್ಳಲು ದುಡ್ಡೂ ಬೇಕು, ಕೂಪನ್ನೂ ಬೇಕು. ಹೆಂಗಸರ ಕೋಟಿಗೆ 14, ಉಣ್ಣೆಯ ಉಡುಗೆಗೆ 11, ಒಂದು ಜೊತೆ ಬೂಟಿಗೆ 5. ಲೆಕ್ಕ ಹಾಕಿ ನೋಡಿ, ಇಷ್ಟಕ್ಕೇ 30 ಖರ್ಚಾಯಿತು. ಒಳ ಉಡುಪು, ಕಾಲುಚೀಲ ಎಲ್ಲ ಉಳಿದ 36ರಲ್ಲೇ ಆಗಬೇಕು. ಮುಂದೆ ಈ ಕೂಪನ್ನುಗಳೂ ಕಡಿಮೆಯಾಗುತ್ತ ಹೋದವು.

ರೇಷ್ಮೆ ಕಾಲುಚೀಲವಂತೂ ಕಣ್ಣಿಗೆ ಬೀಳುತ್ತಿರಲಿಲ್ಲ. ಹುಡುಗಿಯರು ಏನು ಮಾಡಿದರು ಗೊತ್ತೆ? ಸಾರಿಗೆ ಕಂದು ಬಣ್ಣ ಬರಲೆಂದು ಹಾಕುವ ಪುಡಿಯನ್ನು ಕಲಸಿ ಕಾಲಿಗೆ ಬಳಿದುಕೊಂಡರು. ಕಾಲುಚೀಲದ ಹೊಲಿಗೆಯಂತೆ ಕಾಣಲಿ ಎಂದು ಹಿಂಭಾಗದಲ್ಲಿ ಹುಬ್ಬು ತೀಡುವ ಪೆನ್ಸಿಲಿನಿಂದ ಉದ್ದಕ್ಕೆ ಗೆರೆ ಎಳೆದರು. ಮಳೆ ಬಂದರೆ ಅಲಂಕಾರವೆಲ್ಲ ಹರಿದುಹೋಗಬೇಕು!

ರೇಷ್ಮೆಯೆಲ್ಲ ಎಲ್ಲಿಗೆ ಹೋಯಿತು ಎಂದರೆ, ಪ್ಯಾರಾಚೂಟಿಗೆ. ಜಪಾನಿನ ರೇಷ್ಮೆ ನಿಂತುಹೋದಾಗ ನಮ್ಮ ಮೈಸೂರು ಸಂಸ್ಥಾನದ ರೇಷ್ಮೆಗೂ ಇದೇ ಕಾರಣಕ್ಕೆ ಬೇಡಿಕೆ ಏರಿತು. ಯುದ್ಧ ಮುಗಿದು ಬೇಡವಾದ ಪ್ಯಾರಾಚೂಟಿನ ತ್ರಿಕೋನ ತುಂಡುಗಳು ಅಂಗಡಿಗೆ ಬಂದಾಗ, ಕೂಪನ್ ಕೇಳದ ಬಟ್ಟೆಯೆಂದು ಹೆಂಗಸರು ಮುಗಿಬಿದ್ದರು. ಅದರಲ್ಲಿ ಮದುವೆಯ ಉಡುಪು ಹೊಲಿಸಿಕೊಂಡವರೂ ಇದ್ದಾರೆ.

ಇಂಥ ಕಾಲದಲ್ಲಿ ಕುಣಿತಕ್ಕೆ ಬಟ್ಟೆ ಹಾಳು ಮಾಡಬೇಕೆ ಎಂದು ಕೇಳಬಹುದು. ನ್ಯಾಯವಾದ ಪ್ರಶ್ನೆಯೇ. ಆದರೆ ಬ್ಯಾಲೆ ನೋಡುವವರು ಹೆಚ್ಚಾದದ್ದು ಆ ಯುದ್ಧದ ವರ್ಷಗಳಲ್ಲೇ. ರಜೆಯ ಮೇಲೆ ಬಂದ ಸೈನಿಕರು, ಕಾರ್ಖಾನೆಯಲ್ಲಿ ದುಡಿದು ಬಂದವರು, ಹಿಂದೆಂದೂ ಬ್ಯಾಲೆ ನೋಡದವರು ಬಂದು ಕೂತರು. ದಿನವೆಲ್ಲ ಖಾಕಿ ಮತ್ತು ಬೂದಿ ಬಣ್ಣ ನೋಡಿದ ಕಣ್ಣಿಗೆ ಒಂದು ಬಿಳಿ ಲಂಗ ಏನಾಗಿ ಕಂಡಿರಬೇಕು! ಆ ಬಟ್ಟೆ ಹಾಳಾಯಿತೆಂದು ನಾನಂತೂ ಹೇಳಲಾರೆ.

ಕೊನೆಗೆ 1946ರ ಫೆಬ್ರವರಿ 20. ಯುದ್ಧದ ಉದ್ದಕ್ಕೂ ಸಾರ್ವಜನಿಕರ ನೃತ್ಯಶಾಲೆಯಾಗಿದ್ದ ಲಂಡನ್ನಿನ ಕೋವೆಂಟ್ ಗಾರ್ಡನ್ ರಂಗಮಂದಿರ ಮತ್ತೆ ತೆರೆಯಿತು. ಆಡಿದ ಬ್ಯಾಲೆ ‘ನಿದ್ರಾಸುಂದರಿ’, ನೂಲುವ ಕದಿರು ಚುಚ್ಚಿ ನೂರು ವರ್ಷ ಮಲಗಿ ಏಳುವ ರಾಜಕುಮಾರಿಯ ಕಥೆ. ರಾಜಕುಮಾರಿಯಾಗಿ ಕುಣಿದವರು ಅದೇ ಮಾರ್ಗೊ ಫಾಂಟೇನ್. ನೋಡಲು ರಾಜ ಆರನೆಯ ಜಾರ್ಜ್ ಸಂಸಾರ ಸಮೇತ ಬಂದಿದ್ದರು.

ಬಟ್ಟೆಯ ರೇಷನ್ ಆಗಲೂ ಮುಗಿದಿರಲಿಲ್ಲ, ಅದು ಹೋದದ್ದು 1949ರಲ್ಲಿ. ಆದರೂ ರಂಗದ ಮೇಲೆ ಅರಮನೆಯೇ ಎದ್ದು ನಿಂತಿತ್ತು: ರಾಜ, ರಾಣಿ, ಯಕ್ಷಿಣಿಯರು, ಗರಿ ಚುಚ್ಚಿದ ಟೋಪಿಗಳು. ಇವನ್ನೆಲ್ಲ ಕಲ್ಪಿಸಿದವರು ಆಲಿವರ್ ಮೆಸೆಲ್. ಯುದ್ಧದಲ್ಲಿ ಈ ಮಹಾಶಯರ ಕೆಲಸವೇನಿತ್ತು ಎಂದರೆ ಮರೆಮಾಚುವುದು! ಸೈನಿಕರು ಬಂದೂಕು ಹಿಡಿದು ಕೂರುವ ಕಾಂಕ್ರೀಟು ಕೋಣೆಗಳನ್ನು ಹುಲ್ಲಿನ ಬಣವೆಯಂತೆ, ಪಾಳುಗೋಡೆಯಂತೆ ಕಾಣಿಸುವುದು. ಇಲ್ಲದ್ದನ್ನು ಇದೆ ಎನ್ನಿಸುವ ಆ ಕೈಗೆ ಕಡಿಮೆ ಬಟ್ಟೆಯಲ್ಲಿ ಅರಮನೆ ಕಟ್ಟುವುದು ಕಷ್ಟವಾಗಲಿಲ್ಲವೆಂದು ಕಾಣುತ್ತದೆ. 1949ರ ಅಕ್ಟೋಬರಿನಲ್ಲಿ ಇದೇ ಬ್ಯಾಲೆಯನ್ನು ನ್ಯೂಯಾರ್ಕಿನಲ್ಲಿ ಆಡಿದಾಗ ತಂಡದ ಹೆಸರು ಲೋಕಕ್ಕೆಲ್ಲ ಗೊತ್ತಾಯಿತು.

ಅಮೆರಿಕದ ಮಾತು ಬಂದದ್ದರಿಂದ ಇನ್ನೊಂದು ಸಂಗತಿ. ಅಲ್ಲಿ 1943ರಲ್ಲಿ ಚರ್ಮದ ಬೂಟಿಗೆ ರೇಷನ್ ಬಂತು, ಒಬ್ಬರಿಗೆ ವರ್ಷಕ್ಕೆ ಮೂರು ಜೊತೆ. ಬ್ಯಾಲೆಯ ಮೆತ್ತನೆ ಚಪ್ಪಟೆ ಬೂಟು ಮಾತ್ರ ಆ ಲೆಕ್ಕಕ್ಕೆ ಬರುತ್ತಿರಲಿಲ್ಲ. ಕ್ಲೇರ್ ಮೆಕಾರ್ಡೆಲ್ ಎಂಬ ವಸ್ತ್ರವಿನ್ಯಾಸಕಿಗೆ ಉಪಾಯ ಹೊಳೆಯಿತು. ನರ್ತಕರಿಗೆ ಬೂಟು ಮಾಡುವ ಕಪೀಜಿಯೊ ಕಂಪನಿಯವರಿಂದ, ಬೀದಿಯಲ್ಲಿ ನಡೆಯಲು ಬರುವಂತೆ ಗಟ್ಟಿ ಅಟ್ಟೆ ಹಾಕಿಸಿ, ತನ್ನ ಉಡುಪುಗಳ ಜೊತೆ ತೊಡಿಸಿದಳು. ಹಿಮ್ಮಡಿಯಿಲ್ಲದ ಆ ಬೂಟು ಹೀಗೆ ರಂಗದಿಂದ ಬೀದಿಗೆ ಇಳಿಯಿತು. ಇಂದು ನಮ್ಮೂರಿನ ಚಪ್ಪಲಿ ಅಂಗಡಿಗಳಲ್ಲಿ ಹುಡುಗಿಯರು ‘ಬೆಲ್ಲಿ’ ಕೊಡಿ ಎಂದು ಕೇಳುತ್ತಾರಲ್ಲ, ಅದು ಇದರ ಮೊಮ್ಮಗಳೇ. ಬ್ಯಾಲೆ ಎಂಬ ಮಾತೇ ಬಾಯಿಂದ ಬಾಯಿಗೆ ಹೊರಳಿ ಬೆಲ್ಲಿ ಆಗಿರಬೇಕೆಂದು ನನ್ನ ಊಹೆ.

ನಮ್ಮಲ್ಲೂ ಆ ಯುದ್ಧದ ವರ್ಷಗಳಲ್ಲಿ ಬಟ್ಟೆಯ ಅಭಾವವಿತ್ತು. ಅಜ್ಜ ಅಜ್ಜಿಯಂದಿರೇ, ನಿಮ್ಮ ತಾಯಂದಿರು ಆಗ ಒಂದು ಸೀರೆಯಲ್ಲಿ ಏನೇನು ಹೊಲಿದರು ಎಂಬುದು ನೆನಪಿದ್ದರೆ ಮೊಮ್ಮಕ್ಕಳ ಕೈಯಲ್ಲಿ ಬರೆಸಿ ಕಳಿಸಿ. ಓದಲು ಕಾದಿರುತ್ತೇನೆ.