ಕಾಯಿದೆ ಕಟ್ಟಳೆ: ಸಂಬಳದ ಪಟ್ಟಿ ಬೀದಿಗೆ ಬಿದ್ದರೆ

ಕೆಲಸಕ್ಕೆ ಸೇರುವ ದಿನ ನೌಕರನು ಕಚೇರಿಗೆ ಒಪ್ಪಿಸುವ ವಿವರಗಳನ್ನು ವಾಚಕರು ಒಮ್ಮೆ ನೆನಪಿಗೆ ತಂದುಕೊಳ್ಳಬೇಕು. ಹುಟ್ಟಿದ ದಿನ, ಮನೆಯ ವಿಳಾಸ, ಆಧಾರ್ ಮತ್ತು ಪ್ಯಾನ್ ಸಂಖ್ಯೆಗಳು, ಬ್ಯಾಂಕಿನ ಖಾತೆ, ಭವಿಷ್ಯನಿಧಿಗೆ ನಾಮನಿರ್ದೇಶನ ಮಾಡಿದ ಹೆಂಡತಿ ಮಕ್ಕಳ ಹೆಸರುಗಳು, ವಿಮೆಯ ಸಲುವಾಗಿ ವೃದ್ಧ ತಾಯಿತಂದೆಯರ ಕಾಯಿಲೆಗಳು ಕೂಡ. ಆಪ್ತ ಸ್ನೇಹಿತನಿಗೂ ಹೇಳದ ಸಂಬಳದ ಮೊತ್ತವು ಅಲ್ಲಿ ತಿಂಗಳು ತಿಂಗಳೂ ದಾಖಲಾಗುತ್ತದೆ. ಅಂಗಡಿಯವನು ಕೇಳಿದರೆ ಕೊಡುವುದಿಲ್ಲವೆನ್ನಬಹುದು. ಅನ್ನ ಕೊಡುವ ಕಚೇರಿಗೆ ಹಾಗೆನ್ನುವ ಧೈರ್ಯ ಯಾರಿಗುಂಟು? ಹಿಂದೆ ಇವೆಲ್ಲ ಬೀರುವಿನಲ್ಲಿ ಬೀಗದೊಳಗೆ ಇರುತ್ತಿದ್ದುವು, ಈಗ ಗಣಕಯಂತ್ರದಲ್ಲಿವೆ. ಅಲ್ಲಿಂದ ಅವು ಕಳುವಾದರೆ ನೌಕರನಿಗೆ ಕಾನೂನಿನಲ್ಲಿ ದಾರಿ ಯಾವುದು ಎಂಬುದೇ ಈ ವಾರದ ವಿಚಾರ.

ಈ ಪ್ರಶ್ನೆಯನ್ನು ಅತ್ಯುಚ್ಚ ನ್ಯಾಯಾಲಯದವರೆಗೂ ಕೊಂಡೊಯ್ದವರು ಇಂಗ್ಲೆಂಡಿನ ಅಂಗಡಿ ನೌಕರರು. ಬ್ರ್ಯಾಡ್‌ಫರ್ಡ್ ನಗರದಲ್ಲಿ ಮುಖ್ಯ ಕಚೇರಿಯುಳ್ಳ ಮಾರಿಸನ್ಸ್ ಎಂಬ ಭಾರಿ ದಿನಸಿ ಅಂಗಡಿಗಳ ಸಂಸ್ಥೆಯೊಂದುಂಟು. ಅಲ್ಲಿ ಹಿರಿಯ ಲೆಕ್ಕ ಪರಿಶೋಧಕನೊಬ್ಬನಿದ್ದನು. ಆತನು ತನ್ನ ಖಾಸಗಿ ಪೊಟ್ಟಣವೊಂದನ್ನು ಕಚೇರಿಯ ಅಂಚೆ ವಿಭಾಗದ ಮೂಲಕ ಕಳುಹಿಸಲು ಹೋಗಿ, ಅದರಿಂದ ಬಿಳಿಯ ಪುಡಿ ಹೊರಗೆ ಚೆಲ್ಲಿ ದೊಡ್ಡ ಗಲಿಬಿಲಿಯಾಯಿತು. ಪುಡಿಯೇನೋ ನಿರುಪದ್ರವಿಯೆಂದು ತಿಳಿದುಬಂತು. ಆದರೂ 2013ರ ಬೇಸಿಗೆಯಲ್ಲಿ ಅವನಿಗೆ ಬಾಯಿಮಾತಿನ ಎಚ್ಚರಿಕೆಯೊಂದು ದೊರೆಯಿತು. ಅಷ್ಟಕ್ಕೇ ಅವನ ಮನಸ್ಸಿನಲ್ಲಿ ಹಗೆ ಬೇರೂರಿತು.

ಅದೇ ವರ್ಷದ ನವೆಂಬರಿನಲ್ಲಿ, ಸಮಸ್ತ ನೌಕರರ ಸಂಬಳದ ಪಟ್ಟಿಯನ್ನು ಹೊರಗಿನ ಪರಿಶೋಧಕರಿಗೆ ತಲುಪಿಸುವ ಕೆಲಸವನ್ನು ಸಂಸ್ಥೆಯು ಅವನಿಗೇ ಒಪ್ಪಿಸಿತು. ಅವನು ತಲುಪಿಸಿದನು, ತನಗೂ ಒಂದು ಪ್ರತಿ ಇಟ್ಟುಕೊಂಡನು. 2014ರ ಜನವರಿಯಲ್ಲಿ 98,998 ನೌಕರರ ಹೆಸರು, ವಿಳಾಸ, ಹುಟ್ಟಿದ ದಿನ, ಬ್ಯಾಂಕಿನ ಖಾತೆ, ಸಂಬಳಗಳನ್ನು ಅಂತರಜಾಲದಲ್ಲಿ ಯಾರು ಬೇಕಾದರೂ ನೋಡಬಹುದಾದ ಜಾಗದಲ್ಲಿ ಹರಡಿದನು. ಅಪವಾದವು ಸಹೋದ್ಯೋಗಿಯೊಬ್ಬನ ತಲೆಗೆ ಬರುವಂತೆ ಹೂಡಿದ್ದನೆಂಬುದು ಇನ್ನೂ ಹೇಯವಾದ ಸಂಗತಿ. ಮಾರ್ಚಿ 13ರಂದು, ಸಂಸ್ಥೆಯ ಲಾಭನಷ್ಟದ ಲೆಕ್ಕ ಹೊರಬೀಳುವ ದಿನವೇ, ಸಾರ್ವಜನಿಕ ಹಿತಚಿಂತಕನ ಸೋಗಿನಲ್ಲಿ ಮೂರು ವೃತ್ತಪತ್ರಿಕೆಗಳಿಗೆ ಆ ಪಟ್ಟಿಯನ್ನು ಕಳುಹಿಸಿದನು. ಪತ್ರಿಕೆಗಳು ಅದನ್ನು ಅಚ್ಚು ಮಾಡಲಿಲ್ಲ. ಒಂದು ಪತ್ರಿಕೆಯವರು ಸಂಸ್ಥೆಗೇ ಸುದ್ದಿ ಮುಟ್ಟಿಸಿದರು. ಅವರ ಸಭ್ಯತೆಯನ್ನು ಮೆಚ್ಚಬೇಕು. ಬೇಲಿಯೇ ಎದ್ದು ಹೊಲ ಮೇಯ್ದಿತ್ತು. ಪರಿಶೋಧಕನಿಗೆ 2015ರಲ್ಲಿ ಎಂಟು ವರ್ಷಗಳ ಸೆರೆಮನೆಯಾಯಿತು. ಸಂಸ್ಥೆಯು ಈ ಅನಾಹುತವನ್ನು ಸರಿಪಡಿಸಲು 22 ಲಕ್ಷ 60 ಸಾವಿರ ಪೌಂಡುಗಳಿಗಿಂತಲೂ ಹೆಚ್ಚು ವೆಚ್ಚಮಾಡಿತು.

ಅಪರಾಧಿಗೆ ಶಿಕ್ಷೆಯಾಯಿತು, ಸರಿ. ಆದರೆ ಸಂಬಳದ ಗುಟ್ಟು ರಟ್ಟಾಗಿ, ನಾಳೆ ಯಾರು ತನ್ನ ಹೆಸರಿನಲ್ಲಿ ಸಾಲ ಎತ್ತುವರೋ ಎಂಬ ಭಯದಿಂದ ನಿದ್ದೆಗೆಟ್ಟ ನೌಕರನಿಗೆ ಬಂದುದೇನು? ಸೆರೆಮನೆ ಸೇರಿದವನಿಂದ ಪರಿಹಾರ ವಸೂಲು ಮಾಡುವುದು ಬರಿಯ ಮಾತು. ಆದ್ದರಿಂದ ಹಾಲಿ ಮತ್ತು ಮಾಜಿ ನೌಕರರಲ್ಲಿ 9,263 ಮಂದಿ ಒಟ್ಟಾಗಿ ಸಂಸ್ಥೆಯ ಮೇಲೆಯೇ ದಾವೆ ನಡೆಸಿದರು. ಆಳು ಮಾಡಿದ ತಪ್ಪಿಗೆ ಒಡೆಯನು ಹೊಣೆ ಎಂಬ ಹಳೆಯ ನ್ಯಾಯಸೂತ್ರವೇ ಅವರ ಮುಖ್ಯ ಆಧಾರ. ಡ್ರೈವರು ಕೆಲಸದ ಮೇಲೆ ಹೋಗುವಾಗ ದಾರಿಹೋಕನಿಗೆ ಗಾಡಿ ಬಡಿಸಿದರೆ ಗಾಡಿಯ ಮಾಲೀಕನು ತೆರುವುದಿಲ್ಲವೆ, ಹಾಗೆ.

2017ರಲ್ಲಿ ಉಚ್ಚ ನ್ಯಾಯಾಲಯವು ವಿಚಿತ್ರವೆನಿಸುವ ತೀರ್ಪು ಕೊಟ್ಟಿತು: ಈ ನಷ್ಟಕ್ಕೆ ಕಾರಣವಾದ ತಪ್ಪು ಸಂಸ್ಥೆಯದಲ್ಲ, ಆದರೂ ಆಳಿನ ತಪ್ಪಿಗೆ ಅದು ಹೊಣೆ. ಸಂಸ್ಥೆಗೆ ಕೇಡು ಬಗೆಯುವುದೇ ಆ ಮನುಷ್ಯನ ಉದ್ದೇಶ. ಸಂಸ್ಥೆಯಿಂದ ದಂಡ ಕಕ್ಕಿಸಿದರೆ ನ್ಯಾಯಾಲಯವೇ ಅವನ ಉದ್ದೇಶವನ್ನು ಪೂರೈಸಿದಂತಾಗದೆ ಎಂದು ತೀರ್ಪು ಬರೆದ ನ್ಯಾಯಾಧೀಶರೇ ಕಳವಳಪಟ್ಟರು. ಮರುವರ್ಷ ಮೇಲ್ಮನವಿಯಲ್ಲಿಯೂ ನೌಕರರು ಗೆದ್ದರು. 2020ರ ಏಪ್ರಿಲ್ 1ರಂದು ಸರ್ವೋಚ್ಚ ನ್ಯಾಯಾಲಯವು ಎಲ್ಲವನ್ನೂ ತಿರುಗಿಸಿತು. ಪಟ್ಟಿಯನ್ನು ಹೊರಗೆ ಹರಡಿದ್ದು ಒಡೆಯನ ಕೆಲಸದ ಭಾಗವಲ್ಲ, ಸ್ವಂತ ಹಗೆ ತೀರಿಸಿಕೊಂಡದ್ದು. ನೌಕರಿಯು ಅವಕಾಶ ಒದಗಿಸಿತೆಂಬಷ್ಟರಿಂದಲೇ ಒಡೆಯನು ಹೊಣೆಯಾಗಲಾರನೆಂದು ಐವರು ನ್ಯಾಯಾಧೀಶರೂ ಒಮ್ಮತದಿಂದ ಹೇಳಿದರು. ಆರು ವರ್ಷಗಳ ಬಳಿಕ ನೌಕರರ ಕೈ ಬರಿದಾಯಿತು.

ತರ್ಕ ಗಟ್ಟಿಯಾಗಿಯೇ ಇದೆ. ಆದರೆ ಆ ಪಟ್ಟಿಗೆ ತಮ್ಮ ಹೆಸರನ್ನು ತಾವಾಗಿ ಸೇರಿಸಿದವರು ಆ ನೌಕರರಲ್ಲಿ ಒಬ್ಬರೂ ಇರಲಿಲ್ಲವೆಂಬುದನ್ನು ಮರೆಯುವುದು ನನಗೆ ಸಾಧ್ಯವಾಗದು.

ಅಮೆರಿಕದ ಪೆನ್ಸಿಲ್ವೇನಿಯ ಸಂಸ್ಥಾನದಲ್ಲಿ ಬೇರೊಂದು ಬಗೆಯ ವ್ಯಾಜ್ಯ ನಡೆಯಿತು. ಪಿಟ್ಸ್‌ಬರ್ಗಿನ ಯು.ಪಿ.ಎಂ.ಸಿ. ಎಂಬ ವೈದ್ಯಕೀಯ ಸಂಸ್ಥೆಯ ಹಾಲಿ ಮತ್ತು ಮಾಜಿ ನೌಕರರು 62,000 ಮಂದಿಯ ವಿವರಗಳು ಕಳುವಾದುವು. ಅಲ್ಲಿನವರು ಹೊರಗಿನ ಕಳ್ಳರು. ನೌಕರರ ಹೆಸರಿನಲ್ಲಿ ಸುಳ್ಳು ಆದಾಯ ತೆರಿಗೆ ಲೆಕ್ಕ ಸಲ್ಲಿಸಿ ಮರುಪಾವತಿಯ ಹಣಕ್ಕೆ ಕೈಹಾಕಿದರು. ಕೆಳಗಿನ ನ್ಯಾಯಾಲಯಗಳು ನೌಕರರ ದಾವೆಯನ್ನು ತಳ್ಳಿಹಾಕಿದುವು. 2018ರ ನವೆಂಬರಿನಲ್ಲಿ ಸಂಸ್ಥಾನದ ಸರ್ವೋಚ್ಚ ನ್ಯಾಯಾಲಯವು ಅದನ್ನು ಮತ್ತೆ ಎತ್ತಿಹಿಡಿಯಿತು. ನೌಕರಿಯ ಷರತ್ತಾಗಿ ವಿವರಗಳನ್ನು ಕೇಳಿ ಪಡೆದು ಅಂತರಜಾಲಕ್ಕೆ ತೆರೆದಿರುವ ಯಂತ್ರದಲ್ಲಿ ಇಟ್ಟ ಮೇಲೆ, ಅವನ್ನು ತಕ್ಕ ಎಚ್ಚರದಿಂದ ಕಾಯುವ ಕರ್ತವ್ಯವೂ ಯಜಮಾನನದೇ. ಕಳ್ಳನು ಬರಬಹುದೆಂಬುದು ಮುಂಚಿತವಾಗಿಯೇ ಊಹಿಸತಕ್ಕ ಸಂಗತಿಯಾದ್ದರಿಂದ, ಕದ್ದವನು ಮೂರನೆಯವನೆಂಬ ನೆಪ ಸಲ್ಲದು ಎಂದಿತು.

ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದರೆ ನೌಕರನು ಕೇಳಬೇಕಾದ ಪ್ರಶ್ನೆ ಯಾವುದೆಂದು ಹೊಳೆಯುತ್ತದೆ. ಕದ್ದವನು ಯಾರೆಂಬುದಕ್ಕಿಂತ, ಕಾಯಬೇಕಾದವರು ಹೇಗೆ ಕಾದರು ಎಂಬುದೇ ಮುಖ್ಯ.

ಇನ್ನು ನಮ್ಮ ದೇಶದ ಮಾತು. ಖಾಸಗಿತನವು ಮೂಲಭೂತ ಹಕ್ಕೆಂದು ಸರ್ವೋಚ್ಚ ನ್ಯಾಯಾಲಯದ ಒಂಬತ್ತು ನ್ಯಾಯಮೂರ್ತಿಗಳು 2017ರ ಆಗಸ್ಟ್ 24ರಂದು ಸಾರಿದ ತೀರ್ಪಿಗೆ ಕಾರಣರಾದವರು ನಮ್ಮವರೇ: ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು. 2012ರಲ್ಲಿ, ಎಂಬತ್ತು ದಾಟಿದ ವಯಸ್ಸಿನಲ್ಲಿ, ಅವರು ಆಧಾರ್ ವಿರುದ್ಧ ಅರ್ಜಿ ಹಾಕಿದರು. ಆ ತೀರ್ಪಿನ ಹಿಂದೆಯೇ ಹೊಸ ಕಾನೂನಿನ ಸಿದ್ಧತೆ ನಡೆದು, 2023ರ ಆಗಸ್ಟಿನಲ್ಲಿ ಡಿಜಿಟಲ್ ವೈಯಕ್ತಿಕ ಮಾಹಿತಿ ಸಂರಕ್ಷಣಾ ಕಾಯಿದೆಯಾಯಿತು.

ಈ ಕಾಯಿದೆಯಲ್ಲಿ ದಂಡವೇನೋ ಭಾರಿಯಾಗಿದೆ. ಮಾಹಿತಿಗೆ ತಕ್ಕ ಭದ್ರತೆ ಒದಗಿಸದ ಸಂಸ್ಥೆಗೆ 250 ಕೋಟಿ ರೂಪಾಯಿಗಳವರೆಗೆ ವಿಧಿಸಬಹುದು. ಆದರೆ ಆ ಹಣ ಸೇರುವುದು ಭಾರತದ ಸಂಚಿತ ನಿಧಿಗೆ. ಸೋರಿಕೆಯಿಂದ ನೊಂದವನ ಮನೆಗೆ ಒಂದು ಕಾಸೂ ಬಾರದು. ಹಿಂದಿನ 2000ದ ಮಾಹಿತಿ ತಂತ್ರಜ್ಞಾನ ಕಾಯಿದೆಯ 43ಎ ಪ್ರಕರಣದಲ್ಲಿ, ಅಲಕ್ಷ್ಯ ತೋರಿದ ಸಂಸ್ಥೆಯು ನೊಂದವನಿಗೇ ಪರಿಹಾರ ಕೊಡತಕ್ಕದ್ದೆಂದು ವಿಧಿಸಿತ್ತು. ಐದು ಕೋಟಿಯವರೆಗಿನ ಕೋರಿಕೆಗಳನ್ನು ವಿಚಾರಿಸುವ ಅಧಿಕಾರವನ್ನು ಆಯಾ ರಾಜ್ಯದ ಮಾಹಿತಿ ತಂತ್ರಜ್ಞಾನ ಇಲಾಖೆಯ ಕಾರ್ಯದರ್ಶಿಗೆ ಕೊಟ್ಟಿತ್ತು. ಬ್ಯಾಂಕಿನ ವಿವರ, ಕಾಯಿಲೆಯ ದಾಖಲೆ, ಬೆರಳಚ್ಚುಗಳಂಥವಕ್ಕೆ ಅದು ಅನ್ವಯಿಸುತ್ತಿತ್ತು, ಬರಿಯ ವಿಳಾಸಕ್ಕಲ್ಲ. ಹೊಸ ಕಾಯಿದೆಯು ಈ ಪ್ರಕರಣವನ್ನು ತೆಗೆದುಹಾಕುತ್ತದೆ. ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾದಾಗ, ಈ ಬದಲಾವಣೆಗೂ ಸಂಸ್ಥೆಗಳ ಮುಖ್ಯ ಕರ್ತವ್ಯಗಳಿಗೂ ಹದಿನೆಂಟು ತಿಂಗಳ ಗಡುವು ಗೊತ್ತುಮಾಡಲಾಯಿತು. ಗಡುವಿಗೆ ಮುಂಚೆ ನಷ್ಟಕ್ಕೆ ಗುರಿಯಾದವರು ವಕೀಲರನ್ನು ಕಾಣಲು ತಡಮಾಡಬಾರದು. ಖಜಾನೆ ತುಂಬಿಸುವ ದಂಡದೊಡನೆ ನೊಂದವನ ಪರಿಹಾರವನ್ನೂ ಉಳಿಸಿದ್ದರೆ ಶಾಸನಕರ್ತರು ಕಳೆದುಕೊಳ್ಳುತ್ತಿದ್ದುದೇನೆಂದು ನನಗೆ ತಿಳಿಯದು.

ಹಾಗೆಂದು ಹೊಸ ಕಾಯಿದೆಯಿಂದ ನೌಕರನಿಗೆ ಪ್ರಯೋಜನವೇ ಇಲ್ಲವೆಂದಲ್ಲ. ಉದ್ಯೋಗದ ಉದ್ದೇಶಗಳಿಗಾಗಿ ನೌಕರನ ಒಪ್ಪಿಗೆಯನ್ನು ಕೇಳದೆಯೂ ಯಜಮಾನನು ಮಾಹಿತಿಯನ್ನು ಬಳಸಬಹುದೆಂದು ಅದು ಹೇಳುತ್ತದೆ ನಿಜ. ಆದರೆ ಕಾಯುವ ಹೊಣೆಯಿಂದ ಅವನನ್ನು ಬಿಡುಗಡೆ ಮಾಡಿಲ್ಲ. ಸೋರಿಕೆಯಾದರೆ ಏನಾಯಿತು, ಎಷ್ಟಾಯಿತು, ಯಾವಾಗ ಆಯಿತು, ಅದರಿಂದ ಬರಬಹುದಾದ ತೊಂದರೆ ಯಾವುದು ಎಂಬುದನ್ನು ತಡವಿಲ್ಲದೆ ಪ್ರತಿಯೊಬ್ಬ ಬಾಧಿತನಿಗೂ ತಿಳಿಸತಕ್ಕದ್ದು. ಮೊದಲು ಸಂಸ್ಥೆಯೊಳಗೆ ದೂರು ಕೊಟ್ಟು, ಅಲ್ಲಿ ಪರಿಹಾರ ಕಾಣದಿದ್ದರೆ ಮಾಹಿತಿ ಸಂರಕ್ಷಣಾ ಮಂಡಲಿಗೆ ಹೋಗಬೇಕು. ಹುರುಳಿಲ್ಲದ ದೂರು ಕೊಟ್ಟವನಿಗೂ ಹತ್ತು ಸಾವಿರ ರೂಪಾಯಿಗಳವರೆಗೆ ದಂಡವುಂಟು. ಆದ್ದರಿಂದ ಕಾಗದಪತ್ರಗಳು ಕೈಯಲ್ಲಿರಬೇಕು.

ಕಚೇರಿಯಿಂದ ಅಂಥ ಸುದ್ದಿ ಬಂದ ದಿನವೇ ಆ ಪತ್ರದ ಪ್ರತಿಯನ್ನು ಮನೆಯಲ್ಲಿಡಿ. ನಿಮ್ಮ ಯಾವ ಯಾವ ವಿವರಗಳು ಹೋದುವೆಂದು ಬರಹದಲ್ಲಿಯೇ ಕೇಳಿ. ಮೊಗಸಾಲೆಯ ಮಾತುಕತೆಗೆ ನ್ಯಾಯಾಲಯದಲ್ಲಿ ಬೆಲೆಯಿಲ್ಲ. ಬ್ಯಾಂಕಿಗೆ ತಿಳಿಸಿ, ಆಧಾರಿನ ಬೆರಳಚ್ಚಿಗೆ ಬೀಗ ಹಾಕಿಸಿ, ನಿಮ್ಮ ಹೆಸರಿನಲ್ಲಿ ಸಾಲವೇನಾದರೂ ಎದ್ದಿದೆಯೇ ಎಂದು ಸಾಲದ ದಾಖಲೆಗಳನ್ನು ತರಿಸಿ ನೋಡಿ. ಹಣವೇ ಹೋದರೆ 1930 ಸಂಖ್ಯೆಗೆ ಕೂಡಲೇ ದೂರವಾಣಿ ಮಾಡಬೇಕು. ಬ್ಯಾಂಕೂ ಗ್ರಾಹಕನೂ ತಪ್ಪು ಮಾಡದೆ ಹಣ ಹೋದಾಗ ಮೂರು ಕೆಲಸದ ದಿನಗಳೊಳಗೆ ತಿಳಿಸಿದ ಗ್ರಾಹಕನು ನಷ್ಟ ಹೊರಬೇಕಾಗಿಲ್ಲವೆಂದು ರಿಸರ್ವ್ ಬ್ಯಾಂಕು 2017ರ ಸುತ್ತೋಲೆಯಲ್ಲಿ ಹೇಳಿತ್ತು. ತಡವಾದಷ್ಟೂ ಅವನ ಪಾಲಿನ ಹೊರೆ ಹೆಚ್ಚುವಂತೆ ಅದರ ಏರ್ಪಾಡು. ಅಲೆದಾಟಕ್ಕೆ ಹಾಕಿದ ರಜೆ, ತೆತ್ತ ಶುಲ್ಕ, ಕಳೆದ ಹಣ ಎಲ್ಲವನ್ನೂ ದಿನಾಂಕ ಸಹಿತ ಬರೆದಿಡಿ. ಪರಿಹಾರ ಕೇಳುವವನು ನಷ್ಟವನ್ನು ರುಜುವಾತು ಮಾಡಬೇಕಾಗುತ್ತದೆ.

ಬಿಟ್ಟುಬಂದ ಕಚೇರಿಯನ್ನೂ ಮರೆಯಬೇಡಿ. ಬ್ರ್ಯಾಡ್‌ಫರ್ಡಿನ ವಾದಿಗಳಲ್ಲಿಯೂ ಪಿಟ್ಸ್‌ಬರ್ಗಿನ ವಾದಿಗಳಲ್ಲಿಯೂ ಮಾಜಿ ನೌಕರರು ಇದ್ದರು. ಉದ್ದೇಶ ತೀರಿದ ಮೇಲೆ, ಬೇರೊಂದು ಕಾನೂನಿನ ನಿರ್ಬಂಧವಿಲ್ಲದಿದ್ದರೆ, ಮಾಹಿತಿಯನ್ನು ಅಳಿಸಿಹಾಕಬೇಕೆಂದು ಹೊಸ ಕಾಯಿದೆ ವಿಧಿಸುತ್ತದೆ. ನಿಮ್ಮ ಹಳೆಯ ಕಚೇರಿಯ ಯಂತ್ರದಲ್ಲಿ ಇನ್ನೂ ಏನೇನು ಉಳಿದಿದೆ, ಏಕೆ ಉಳಿದಿದೆ ಎಂದು ಒಂದು ಪತ್ರ ಬರೆದು ಕೇಳಿರಿ. ಅದರ ನಕಲನ್ನು ದಿನಾಂಕ ಹಾಕಿ ಇಟ್ಟುಕೊಳ್ಳಿರಿ.