ಹೂವಿಗೆ ಕೈ ಎತ್ತಿದವರು

ಜಪಾನಿನ ಹೂವಿನ ಕಾಲವನ್ನು ಕಂಡು ಬಂದವರಿಗೆ ಒಂದು ಬಗೆಯ ರೋಗ ಅಂಟಿಕೊಳ್ಳುತ್ತದೆ. ಮನೆಗೆ ಬಂದವರ ಕೈಗೆ ಕಾಫಿಯ ಲೋಟ ಕೊಟ್ಟು, ಅವರು ಎದ್ದು ಹೋಗಲಾರದ ಸ್ಥಿತಿಯಲ್ಲಿರುವಾಗ ಮೊಬೈಲನ್ನು ಮೂಗಿನ ಮುಂದೆ ಹಿಡಿದು ನಾನ್ನೂರು ಚಿತ್ರಗಳನ್ನು ತೋರಿಸುವುದೇ ಆ ರೋಗದ ಲಕ್ಷಣ. ನನಗೂ ಅದು ಒಂದು ತಿಂಗಳ ಕಾಲ ಇದ್ದಿತು, ಈಗ ಇಳಿದಿದೆ. ಆದುದರಿಂದ ವಾಚಕರು ಧೈರ್ಯವಾಗಿ ಮುಂದಕ್ಕೆ ಓದಬಹುದು. ನಾನು ಈ ವಾರ ಹೇಳಬೇಕೆಂದಿರುವುದು ಹೂವಿನ ವರ್ಣನೆಯನ್ನಲ್ಲ, ಓಡುವ ರೈಲಿನಲ್ಲಿ ನಡೆದ ಒಂದು ಮತದಾನದ ಸಂಗತಿಯನ್ನು.

ಕಳೆದ ವಸಂತದಲ್ಲಿ ಬೆಂಗಳೂರು ಮೈಸೂರುಗಳಿಂದ ಹೊರಟ ಇಪ್ಪತ್ತಾರು ಮಂದಿಯ ತಂಡ ನಮ್ಮದು. ಹೆಚ್ಚಿನವರು ಮಕ್ಕಳ ಮದುವೆ ಮುಗಿಸಿ, ನಿವೃತ್ತಿಯ ಹಣದಲ್ಲಿ ಒಂದಿಷ್ಟನ್ನು ಕಾಲಿಗೆ ಶಕ್ತಿಯಿರುವಾಗಲೇ ಖರ್ಚು ಮಾಡೋಣವೆಂದು ಹೊರಟವರು. ದಕ್ಷಿಣದ ಕ್ಯೂಷೂ ದ್ವೀಪದ ಫುಕುವೊಕದಲ್ಲಿ ಇಳಿದು, ನಾಗಸಾಕಿ, ಕುಮಾಮೊಟೊ, ಕಾಗೊಷಿಮಾಗಳನ್ನು ನೋಡಿಕೊಂಡು, ಅಲ್ಲಿಂದ ರೈಲಿನಲ್ಲಿ ಹಿರೋಷಿಮಾ, ಹಿಮೆಜಿ, ಕ್ಯೋಟೊ, ನಾರಾ, ಒಸಾಕ ಎಂದು ಹತ್ತು ದಿನಗಳ ಕಾರ್ಯಕ್ರಮ. ಪ್ರವಾಸ ಸಂಸ್ಥೆಯವರು ಕೊಟ್ಟಿದ್ದ ಬಣ್ಣದ ಪುಸ್ತಿಕೆಯಲ್ಲಿ ಹತ್ತು ದಿನಗಳಿಗೂ ಹತ್ತು ಪುಟ. ಹತ್ತು ಪುಟಗಳಲ್ಲಿಯೂ ಸಕುರಾ ಹೂವು. ಪುಸ್ತಿಕೆ ಅಚ್ಚಾದುದು ಹಿಂದಿನ ಆಗಸ್ಟಿನಲ್ಲಿ ಎಂಬುದನ್ನು ನಾವು ಯಾರೂ ಯೋಚಿಸಲಿಲ್ಲ.

ನಮ್ಮ ಮಾರ್ಗದರ್ಶಿ ಅರುವತ್ತರ ಆಸುಪಾಸಿನ ಜಪಾನೀ ಮಹಿಳೆ. ಕೈಯಲ್ಲಿ ಹಳದಿಯ ಪುಟ್ಟ ಬಾವುಟ, ಬಾಯಲ್ಲಿ ಮೆಲ್ಲನೆಯ ಇಂಗ್ಲಿಷು. ಎಂಟು ಗಂಟೆ ಹತ್ತು ನಿಮಿಷಕ್ಕೆ ಬಸ್ಸು ಹೊರಡುವುದೆಂದರೆ ಆಕೆಯ ಪಾಲಿಗೆ ಅದು ಎಂಟು ಹತ್ತೇ. ನಮ್ಮವರ ಪಾಲಿಗೆ ಅದು ಕನ್ನಡಕ ಎಲ್ಲಿಟ್ಟೆನೆಂದು ಹುಡುಕಲಾರಂಭಿಸುವ ವೇಳೆ. ಮೊದಲ ಎರಡು ದಿನ ಆಕೆ ಬಸ್ಸಿನ ಬಾಗಿಲಲ್ಲಿ ನಿಂತು, ತಡವಾಗಿ ಬಂದ ಪ್ರತಿಯೊಬ್ಬರಿಗೂ ತಲೆಬಾಗಿ ತಾವೇ ಕ್ಷಮೆ ಕೇಳಿದರು. ಮೂರನೆಯ ದಿನದಿಂದ ಯಾರೂ ತಡಮಾಡಲಿಲ್ಲ.

ಊಟದ ಕಥೆ ಬೇರೆಯೇ. ಮೀನಿಲ್ಲ, ಮಾಂಸವಿಲ್ಲ ಎಂದು ಬಡಿಸಿದ ಸಾರಿನಲ್ಲಿ ಒಣಗಿಸಿದ ಮೀನಿನ ಹೆರಕಲು ಕುದಿದಿರುತ್ತದೆ. ಅದರ ರಸಕ್ಕೆ ದಾಶಿ ಎಂದು ಹೆಸರು. ನಮ್ಮ ಅಡಿಗೆಗೆ ಒಗ್ಗರಣೆಯಿದ್ದಂತೆ ಅವರ ಅಡಿಗೆಗೆ ಅದು. ಇದನ್ನು ತಿಳಿದ ದಿನದಿಂದ ನಮ್ಮ ಹೆಂಗಸರ ಕೈಚೀಲಗಳಿಂದ ಪುಳಿಯೋಗರೆ ಗೊಜ್ಜು, ಚಟ್ನಿಪುಡಿ, ಹುರಿದ ಅವಲಕ್ಕಿ ಹೊರಬಂದುವು. ಉಪ್ಪಿನಲ್ಲಿ ನೆನೆದ ಹುಳಿಯ ಉಮೆ ಕಾಯನ್ನು ಒಳಗಿಟ್ಟು ಕಟ್ಟಿದ ಅನ್ನದ ಉಂಡೆ ಮಾತ್ರ ಎಲ್ಲರಿಗೂ ಹಿಡಿಸಿತು. ಉಪ್ಪಿನಕಾಯಿ ಕಂಡ ಕಡೆ ನಾವು ಸಂಬಂಧ ಬೆಳೆಸದೆ ಬಿಡುವವರಲ್ಲ.

ಇನ್ನು ಮೇಷ್ಟರು. ಮೈಸೂರಿನ ಪ್ರೌಢಶಾಲೆಯೊಂದರಲ್ಲಿ ಮೂವತ್ತೆರಡು ವರ್ಷ ವಿಜ್ಞಾನ ಕಲಿಸಿ ನಿವೃತ್ತರಾದವರು, ಎಪ್ಪತ್ತೆಂಟು ವಯಸ್ಸು. ಅವರೊಬ್ಬರು ಹೂವಿಗಾಗಿ ಬಂದವರಲ್ಲ. ನಾಗಸಾಕಿಯಲ್ಲಿ ನಾವೆಲ್ಲ ಶಾಂತಿ ಉದ್ಯಾನದ ದೊಡ್ಡ ಪ್ರತಿಮೆಯ ಮುಂದೆ ಚಿತ್ರ ತೆಗೆಸಿಕೊಳ್ಳುತ್ತಿದ್ದಾಗ, ಅವರು ಪುಟ್ಟ ದಿನಚರಿಯಲ್ಲಿ ಏನನ್ನೋ ಬರೆದುಕೊಳ್ಳುತ್ತಿದ್ದರು. ರಾತ್ರಿ ಊಟದ ಹೊತ್ತಿಗೆ ನಾನು ಕೇಳಿದೆ. “ಹತ್ತನೆಯ ತರಗತಿಗೆ ಪ್ರತಿ ವರ್ಷವೂ ಪರಮಾಣು ವಿದಳನದ ಪಾಠ ಮಾಡುತ್ತಿದ್ದೆ ಸ್ವಾಮಿ. ಒಂದು ನ್ಯೂಟ್ರಾನು ಯುರೇನಿಯಮ್ಮಿಗೆ ತಾಗುತ್ತದೆ, ಅದು ಒಡೆದು ಬೇರಿಯಮ್ಮು ಕ್ರಿಪ್ಟಾನು ಆಗುತ್ತದೆ, ಮತ್ತೆ ಮೂರು ನ್ಯೂಟ್ರಾನು ಹೊರಡುತ್ತವೆ. ಹಲಗೆಯ ಮೇಲೆ ಬಾಣ ಹಾಕಿ ಬರೆದು, ಐದು ಅಂಕದ ಪ್ರಶ್ನೆ, ಗುರುತು ಮಾಡಿಕೊಳ್ಳಿ ಎನ್ನುತ್ತಿದ್ದೆ. ಊರಿನ ಹೆಸರು ಹೇಳಲೇ ಇಲ್ಲ. ಪರೀಕ್ಷೆಗೆ ಅದು ಬರುತ್ತಿರಲಿಲ್ಲ” ಎಂದರು. ಹಿರೋಷಿಮಾದಲ್ಲಿ ಶಕ್ತಿಯಾಗಿ ಬದಲಾದ ದ್ರವ್ಯದ ತೂಕ ಒಂದು ಗ್ರಾಮಿಗೂ ಕಡಿಮೆ, ಅಕ್ಕಸಾಲಿಗರ ಲೆಕ್ಕದಲ್ಲಿ ಆರು ಗುಲಗಂಜಿ ಎಂದೂ ಹೇಳಿದರು. ಅವರ ವೃತ್ತಿ ತಿಳಿದಂದಿನಿಂದ ಮಾರ್ಗದರ್ಶಿ ಅವರನ್ನು ‘ಸೆನ್ಸೇ’ ಎಂದೇ ಕರೆಯುತ್ತಿದ್ದರು. ಜಪಾನೀ ಭಾಷೆಯಲ್ಲಿ ಅದು ಗುರುಗಳಿಗೆ ಸಲ್ಲುವ ಮಾತು.

ಹೂವು ನಮ್ಮನ್ನು ಆಟವಾಡಿಸಿತು. ಫುಕುವೊಕದಲ್ಲಿ ಮರಗಳು ತುಂಬಿ ನಿಂತಿದ್ದುವು; ಆದರೆ ನಾವು ವಿಮಾನದ ಆಯಾಸದಲ್ಲಿ ಅರೆಗಣ್ಣಾಗಿದ್ದೆವು. ನಾಗಸಾಕಿಯಲ್ಲಿ ಎಸಳು ಉದುರುತ್ತಿದ್ದುವು. ಇನ್ನೂ ದಕ್ಷಿಣಕ್ಕೆ, ಕಾಗೊಷಿಮಾಕ್ಕೆ, ಹೋದರೆ ಎಲ್ಲ ಮುಗಿದಿರುತ್ತದೆಂದು ತಿಳಿದಿದ್ದರೆ ಅಲ್ಲಿ ಅರ್ಧ ಮರಗಳಲ್ಲಿ ಇನ್ನೂ ಮೊಗ್ಗು! ನಮ್ಮಲ್ಲಿ ಒಬ್ಬರು ಇದು ಮೋಸವೆಂದೇ ವಾದಿಸಿದರು. ಮಾರ್ಗದರ್ಶಿ ವಿವರಿಸಿದರು: ಸಕುರಾದ ಮೊಗ್ಗು ಹಿಂದಿನ ಬೇಸಗೆಯಲ್ಲಿಯೇ ಮೂಡಿ ಮಲಗಿಬಿಡುತ್ತದೆ, ಅದನ್ನು ಎಚ್ಚರಗೊಳಿಸುವುದಕ್ಕೆ ಬಿಸಿಲಿಗಿಂತ ಮೊದಲು ಚಳಿ ಬೇಕು. ಕಾಗೊಷಿಮಾದಲ್ಲಿ ಚಳಿ ಸಾಲದ ವರ್ಷ ಮರ ತಡವಾಗಿ ಏಳುತ್ತದೆ. ಊರೂರಿನಲ್ಲಿ ಕಾಣುವ ಸೊಮೆಯಿ ಯೊಷಿನೊ ಎಂಬ ಜಾತಿಯ ಮರಗಳೆಲ್ಲವೂ ಕಸಿ ಕಟ್ಟಿ ಬೆಳೆಸಿದ ಒಂದೇ ಮರದ ಸಂತತಿ. ಆದುದರಿಂದಲೇ ಒಂದೂರಿನ ಮರಗಳೆಲ್ಲ ಒಟ್ಟಿಗೆ ಅರಳಿ ಒಟ್ಟಿಗೆ ಉದುರುತ್ತವೆ. ಕ್ಯೋಟೊ ನಗರದಲ್ಲಿ ಹೂ ತುಂಬಿದ ದಿನಗಳ ದಾಖಲೆ ಒಂಬತ್ತನೆಯ ಶತಮಾನದಿಂದಲೂ ಸಿಕ್ಕುತ್ತದೆ. 2021ರಲ್ಲಿ ಮಾರ್ಚ್ 26ಕ್ಕೇ ಹೂ ತುಂಬಿದಾಗ, ಅಲ್ಲಿಯವರೆಗಿನ ಸಾವಿರದ ಇನ್ನೂರು ವರ್ಷಗಳಲ್ಲಿಯೇ ಅದು ಅತ್ಯಂತ ಬೇಗ ಎನಿಸಿತ್ತು. ಚಳಿಯೂ ಬಿಸಿಲೂ ಹಿಂದಿನ ಲೆಕ್ಕ ತಪ್ಪಿದ ಮೇಲೆ ಮರಗಳು ತಾನೆ ಏನು ಮಾಡಿಯಾವು?

ಕಾಗೊಷಿಮಾದಲ್ಲಿ ಕೊಲ್ಲಿಯ ಆಚೆಗೆ ಹೊಗೆಯುಗುಳುವ ಬೆಟ್ಟದ ಹೆಸರು ಸಕುರಾಜಿಮಾ, ಸಕುರಾ ದ್ವೀಪ. 1914ರಲ್ಲಿ ಅದು ಕಾರಿದ ಲಾವಾ ಸಮುದ್ರವನ್ನು ತುಂಬಿ ದ್ವೀಪವನ್ನು ನೆಲಕ್ಕೆ ಅಂಟಿಸಿಬಿಟ್ಟಿತು. ಇಂದಿಗೂ ಅದರ ಬೂದಿ ಊರಿನ ಮೇಲೆ ಬೀಳುತ್ತದೆ. ಗುಡಿಸಿದ ಬೂದಿಯನ್ನು ತುಂಬಲು ಪುರಸಭೆಯವರೇ ಹಳದಿಯ ಚೀಲ ಕೊಡುತ್ತಾರೆ. ಹೂವಿನ ಹೆಸರಿನ ದ್ವೀಪದಲ್ಲಿ ನಮಗೆ ದೊರೆತುದು ಕೊಡೆಯ ಮೇಲೆ ಒಂದು ಹಿಡಿ ಬೂದಿ.

ಮರುದಿನ ಬೆಳಗ್ಗೆ ಹತ್ತಿದ ಅತಿವೇಗದ ರೈಲಿಗೂ ‘ಸಕುರಾ’ ಎಂದೇ ಹೆಸರು. ಹಿರೋಷಿಮಾಕ್ಕೆ ಎರಡೂವರೆ ಗಂಟೆಯ ದಾರಿ. ದಾರಿಯಲ್ಲಿ ಕೊಕುರಾ ಎಂಬ ನಿಲ್ದಾಣ. 1945ರ ಆಗಸ್ಟ್ 9ರಂದು ಎರಡನೆಯ ಬಾಂಬು ಬೀಳಬೇಕಾಗಿದ್ದುದು ಈ ಊರಿನ ಮೇಲೆ. ಅಂದು ಆಕಾಶ ಮುಸುಕಿದ್ದುದರಿಂದ ಗುರಿ ಕಾಣಿಸದೆ, ಮೂರು ಬಾರಿ ಪ್ರಯತ್ನಿಸಿ ವಿಮಾನ ನಾಗಸಾಕಿಗೆ ಹೋಯಿತು. ಅಲ್ಲಿ ಹನ್ನೊಂದು ಗಂಟೆ ಎರಡು ನಿಮಿಷ. ಮಾರ್ಗದರ್ಶಿ ಇದನ್ನು ಹೇಳಿ ಮುಗಿಸುವಷ್ಟರಲ್ಲಿ ರೈಲು ಕೊಕುರಾವನ್ನು ಬಿಟ್ಟು ಸಮುದ್ರದ ಅಡಿಯ ಸುರಂಗವನ್ನು ಹೊಕ್ಕಿತು. ಸುರಂಗದ ಕತ್ತಲಲ್ಲಿಯೇ ನಮ್ಮವರ ಮೊಬೈಲುಗಳು ಬೆಳಗಿ, ನಾಳೆ ಮಳೆ ಎಂಬ ಸುದ್ದಿ ಹೊರಬಿದ್ದಿತು.

ಮಳೆ ಬಂದರೆ ಹಿಮೆಜಿ ಕೋಟೆಯ ಹೂವೆಲ್ಲ ನೆಲದ ಪಾಲು. ಬಿಳಿಯ ಕೋಟೆ, ಅದರ ಸುತ್ತ ಸಕುರಾ. ಪುಸ್ತಿಕೆಯ ಮುಖಚಿತ್ರವೇ ಅದು. ಹಿರೋಷಿಮಾದಿಂದ ಹಿಮೆಜಿಗೆ ಒಂದೇ ಗಂಟೆ. ವಸ್ತುಸಂಗ್ರಹಾಲಯಕ್ಕೆ ಇಟ್ಟಿದ್ದ ಮೂರು ಗಂಟೆಯನ್ನು ಬಿಟ್ಟರೆ, ಇಂದೇ ಹೋಗಿ ಹೂವು ಕಂಡು ರಾತ್ರಿಗೆ ಹಿಂದಿರುಗಬಹುದು. “ನಾಗಸಾಕಿಯಲ್ಲಿ ಒಂದು ನೋಡಿ ಆಯಿತಲ್ಲ, ಅದೇ ದುಃಖವನ್ನು ಎಷ್ಟು ಸಲ ನೋಡುವುದು?” ಎಂದರು ಒಬ್ಬರು. ಕೈ ಎತ್ತುವುದೆಂದು ತೀರ್ಮಾನವಾಯಿತು. ಹದಿನೇಳು ಕೈಗಳು ಎದ್ದುವು.

ಅವುಗಳಲ್ಲಿ ಒಂದು ನನ್ನದು. ನನ್ನ ಪತ್ನಿ ಕೈ ಎತ್ತಲಿಲ್ಲ. ಸುರಂಗದ ಗೋಡೆಯಲ್ಲಿ ಏನು ಕಂಡಳೋ, ಕಿಟಕಿಯ ಕಡೆಗೇ ತಿರುಗಿ ಕುಳಿತಿದ್ದಳು.

ಮೇಷ್ಟರು ವಾದಿಸಲಿಲ್ಲ. ಎದ್ದು ಹೋಗಿ ಮಾರ್ಗದರ್ಶಿಯನ್ನು ಕೇಳಿದರು: “ಅಮ್ಮಾ, ನಾನೊಬ್ಬನೇ ಇಲ್ಲಿ ಉಳಿದುಕೊಂಡರೆ ನಿಮಗೆ ತೊಂದರೆಯಾದೀತೆ?” ಆಕೆ, “ಇಲ್ಲ ಸೆನ್ಸೇ. ಅಚ್ಚಾಗಿರುವ ಕಾರ್ಯಕ್ರಮದಂತೆ ಒಬ್ಬರಿದ್ದರೂ ನಾನು ಕರೆದೊಯ್ಯಬೇಕು. ಉಳಿದವರನ್ನು ನಿಮ್ಮ ಸಂಸ್ಥೆಯವರು ಹಿಮೆಜಿಗೆ ಕರೆದೊಯ್ಯಲಿ. ಆದರೆ ಮೊದಲು ಒಂದು ಗಂಟೆ ಎಲ್ಲರೂ ನದಿಯ ದಂಡೆಗೆ ಬರಬೇಕು” ಎಂದರು. ಹಿರೋಷಿಮಾದಲ್ಲಿಯೂ ಹೂವಿದೆಯೆ ಎಂದು ನಾವು ಯಾರೂ ಕೇಳಿರಲಿಲ್ಲ.

ನಿಲ್ದಾಣದಿಂದ ಟ್ರಾಮಿನಲ್ಲಿ ಹೋದೆವು. ಬಾಂಬು ಬಿದ್ದ ಮೂರನೆಯ ದಿನವೇ ಆ ಊರಿನ ಒಂದು ಭಾಗದಲ್ಲಿ ಟ್ರಾಮು ಮತ್ತೆ ಓಡಿತಂತೆ. ಇಳಿದು ನಾಲ್ಕು ಹೆಜ್ಜೆ ನಡೆದರೆ, ಚಿತ್ರಗಳಲ್ಲಿ ಕಂಡ ಆ ಮುರುಕು ಗುಮ್ಮಟ. ಝೆಕ್ ದೇಶದ ಯಾನ್ ಲೆಟ್ಸೆಲ್ ಎಂಬ ಶಿಲ್ಪಿಯ ನಕ್ಷೆಯಂತೆ 1915ರಲ್ಲಿ ಕಟ್ಟಿದ ವಸ್ತುಪ್ರದರ್ಶನದ ಭವನ ಅದು. 1945ರ ಆಗಸ್ಟ್ 6ರ ಬೆಳಗ್ಗೆ ಎಂಟೂಕಾಲಕ್ಕೆ ಬಹು ಸಮೀಪದಲ್ಲಿಯೇ, ಸುಮಾರು ಆರುನೂರು ಮೀಟರು ಎತ್ತರದಲ್ಲಿ ಬಾಂಬು ಸಿಡಿಯಿತು. ಆ ವರ್ಷ ಮುಗಿಯುವುದರೊಳಗೆ ಸತ್ತವರು ಸುಮಾರು 1,40,000. ಇವೆಲ್ಲವೂ ನಾವು ಓದಿ ತಿಳಿದಿದ್ದುದೇ. ತಿಳಿಯದೆ ಇದ್ದುದು ಇದು: ಗುಮ್ಮಟದ ಪಕ್ಕದಲ್ಲಿ ಹರಿಯುವ ಮೊತೊಯಾಸು ನದಿಯ ಉದ್ದಕ್ಕೂ ಸಕುರಾ ಮರಗಳು, ಮೈತುಂಬ ಹೂವು. ಮರಗಳ ಕೆಳಗೆ ನೀಲಿಯ ಹಾಸುಗಳು. ಹಾಸಿನ ಅಂಚಿನಲ್ಲಿ, ನಮ್ಮ ಮನೆಗಳ ಹೊಸಿಲಾಚೆ ಬಿಡುವಂತೆ, ಸಾಲಾಗಿ ಬಿಟ್ಟ ಪಾದರಕ್ಷೆಗಳು. ಅಜ್ಜಿಯಂದಿರು, ಕಚೇರಿಯ ಹುಡುಗರು, ತೊಟ್ಟಿಲ ಗಾಡಿಯಲ್ಲಿ ಕೂಸುಗಳು. ತಿನ್ನುತ್ತಿದ್ದಾರೆ, ಕುಡಿಯುತ್ತಿದ್ದಾರೆ, ನಗುತ್ತಿದ್ದಾರೆ. ನದಿಯಲ್ಲಿ ಗುಮ್ಮಟದ ನೆರಳು, ಅದರ ಮೇಲೆ ತೇಲುವ ಎಸಳು.

“ಇದೇನು! ಮಸಣದಲ್ಲಿ ಎಲೆ ಹಾಕಿದ ಹಾಗೆ!” ಎಂದು ನಮ್ಮ ತಂಡದ ಒಬ್ಬ ಅಮ್ಮನವರು ಸೆರಗನ್ನು ಬಾಯಿಗೆ ಅಡ್ಡ ಹಿಡಿದರು. ಮಾತು ಕನ್ನಡದಲ್ಲಿದ್ದರೂ ಮಾರ್ಗದರ್ಶಿಗೆ ಅರ್ಥವಾಗಿರಬೇಕು. ಎಪ್ಪತ್ತೈದು ವರ್ಷ ಇಲ್ಲಿ ಒಂದು ಹುಲ್ಲೂ ಹುಟ್ಟದೆಂದು ಅಂದು ಎಲ್ಲರೂ ನಂಬಿದ್ದರೆಂದೂ, ಆದರೂ ಕಣಗಿಲೆ ಹೂ ಬಿಟ್ಟಿತೆಂದೂ, ಇಂದು ಅದೇ ನಗರದ ಹೂವೆಂದೂ ಹೇಳಿದರು. ಬಾಂಬಿನ ಬೆಂಕಿಯನ್ನು ಕಂಡೂ ಬದುಕಿದ ಮರಗಳು ಊರಿನಲ್ಲಿ ಸುಮಾರು ನೂರ ಅರುವತ್ತು ಇವೆ. ಒಂದೊಂದಕ್ಕೂ ಫಲಕ ಹಾಕಿ ಸಾಕುತ್ತಾರೆ. ಆಕೆ ಅಷ್ಟನ್ನು ಹೇಳಿ ಸುಮ್ಮನಾದರು. ಹಾಸಿನ ಮೇಲಿನವರ ಪರವಾಗಿ ವಾದ ಹೂಡಲಿಲ್ಲ.

ಹದಿನೇಳರಲ್ಲಿ ಐದು ಮಂದಿ ಹಿಮೆಜಿಗೆ ಹೋದರು. ಅವರು ತಂದ ಚಿತ್ರಗಳು ಸೊಗಸಾಗಿದ್ದುವು. ಅವರನ್ನು ನಾನು ದೂರುವುದಿಲ್ಲ. ನಾನು ಉಳಿದುದು ಮನಸ್ಸಾಕ್ಷಿಯ ಕರೆಯಿಂದಲ್ಲ, ಹೂವು ಇಲ್ಲಿಯೇ ಸಿಕ್ಕಿತೆಂದು. ಇದನ್ನು ಒಪ್ಪಿಕೊಳ್ಳದೆ ಈ ಅಂಕಣ ಬರೆಯುವುದು ನ್ಯಾಯವಲ್ಲ.

ವಸ್ತುಸಂಗ್ರಹಾಲಯದ ಒಳಗೆ ನಡೆದುದನ್ನು ಹೆಚ್ಚು ಬರೆಯಲಾರೆ. ಒಂದು ಗಾಜಿನ ಪೆಟ್ಟಿಗೆಯಲ್ಲಿ ಊಟದ ಡಬ್ಬಿಯಿದೆ. ಮಾಧ್ಯಮಿಕ ಶಾಲೆಯ ಮೊದಲ ವರ್ಷದ ಹುಡುಗನದು. ಬೆಂಕಿ ಹಬ್ಬದಂತೆ ಮನೆಗಳನ್ನು ಕೆಡವಿ ಬಯಲು ಮಾಡುವ ಕೆಲಸಕ್ಕೆ ಅಂದು ಶಾಲೆಯ ಮಕ್ಕಳನ್ನು ಕಳುಹಿಸಿದ್ದರು. ತಾಯಿ ಮಗನ ದೇಹವನ್ನು ಹುಡುಕಿಕೊಂಡು ಬಂದಾಗ ಡಬ್ಬಿ ಅವನ ಬಳಿಯಲ್ಲಿಯೇ ಇದ್ದಿತು. ಒಳಗಿನ ಅನ್ನ ಇದ್ದಂತೆಯೇ ಇದ್ದಿತು, ಇದ್ದಲಾಗಿ. ಮೇಷ್ಟರು ಆ ಪೆಟ್ಟಿಗೆಯ ಮುಂದೆ ಬಹಳ ಹೊತ್ತು ನಿಂತರು. ಹಿಂದಿನವರಿಗೆ ದಾರಿ ಬಿಡಬೇಕೆಂಬುದು ಮರೆತುಹೋಗಿತ್ತು. ಮಾರ್ಗದರ್ಶಿ ಅವರ ಪಕ್ಕಕ್ಕೆ ಹೋಗಿ ನಿಂತರೇ ಹೊರತು ಕರೆಯಲಿಲ್ಲ. ಗಡಿಯಾರವನ್ನು ಆಕೆ ನೋಡದೆ ಇದ್ದುದನ್ನು ಹತ್ತು ದಿನಗಳಲ್ಲಿ ನಾನು ಕಂಡುದು ಅದೊಂದೇ ಸಲ.

ಹೊರಕ್ಕೆ ಬಂದಾಗ ಮಧ್ಯಾಹ್ನ ಎರಡು ದಾಟಿತ್ತು. ನಮ್ಮ ಊಟವನ್ನೂ ಡಬ್ಬಿಗಳಲ್ಲಿಯೇ ತಂದಿಟ್ಟಿದ್ದರು. ಮರದ ಕೆಳಗೆ ಕುಳಿತೆವು. ಯಾರೂ ಮುಚ್ಚಳ ತೆಗೆಯಲಿಲ್ಲ. ಪಕ್ಕದ ಹಾಸಿನಲ್ಲಿದ್ದ ಮುದುಕಿಯೊಬ್ಬರು ನಮ್ಮನ್ನು ನೋಡಿ, ಊಟ ಬಂದಿಲ್ಲವೆಂದು ತಿಳಿದರೋ ಏನೋ, ಅಕ್ಕಿಹಿಟ್ಟಿನ ಕಡುಬಿನಂಥ ಗುಲಾಬಿ ಬಣ್ಣದ ಸಿಹಿತಿಂಡಿಯನ್ನು ಎಲೆಯಲ್ಲಿ ಸುತ್ತಿದ್ದಂತೆಯೇ ತಂದು ಎರಡು ಕೈಗಳಿಂದ ಮೇಷ್ಟರ ಮುಂದೆ ಹಿಡಿದರು. ಅದರಲ್ಲಿ ಏನಿದೆಯೆಂದು ಅಂದು ಯಾರೂ ವಿಚಾರಿಸಲಿಲ್ಲ. ಮೇಷ್ಟರು ತಿಂದರು. “ಹೊಟ್ಟೆ ಹಸಿದಿತ್ತು” ಎಂದರು, ಅದು ಆಶ್ಚರ್ಯದ ಸಂಗತಿಯೆಂಬಂತೆ. ಆಮೇಲೆ ಸೆರಗು ಅಡ್ಡ ಹಿಡಿದಿದ್ದ ಅಮ್ಮನವರೇ ಪುಳಿಯೋಗರೆಯ ಗೊಜ್ಜು ತೆಗೆದು ಆ ಮುದುಕಿಗೂ ಒಂದು ಚಮಚ ಬಡಿಸಿದರು. ಖಾರಕ್ಕೆ ಆಕೆಯ ಕಣ್ಣಲ್ಲಿ ನೀರು ಬಂದಿತು.

ಮರುದಿನ ಹೇಳಿದಂತೆಯೇ ಮಳೆ. ಮಿಯಾಜಿಮಾದ ಕಡಲಿನೊಳಗಣ ಕೆಂಪು ತೋರಣದ್ವಾರವನ್ನು ಕೊಡೆಗಳ ನಡುವಿನಿಂದ ನೋಡಿ, ಮಧ್ಯಾಹ್ನಕ್ಕೆ ಹಿಮೆಜಿ ಸೇರಿದೆವು. ಬಿಳಿಯ ಕೋಟೆ ಬಿಳಿಯ ಮಳೆಯಲ್ಲಿ ಅರ್ಧ ಕರಗಿತ್ತು. ಕಂದಕದ ನೀರಿನ ಮೇಲೆ ಎಸಳುಗಳು ಗುಲಾಬಿಯ ಚಾಪೆಯಂತೆ ಒತ್ತಾಗಿ ಹಾಸಿಕೊಂಡಿದ್ದುವು. ಜಪಾನೀಯರು ಇದಕ್ಕೂ ಹೆಸರಿಟ್ಟಿದ್ದಾರೆ: ಹೂವಿನ ತೆಪ್ಪ. (ಕ್ಯೋಟೊ ಮತ್ತು ನಾರಾದ ಕಥೆ, ಅಲ್ಲಿನ ಮಹಾಬುದ್ಧನಿಗೆ 752ರಲ್ಲಿ ಕಣ್ಣು ತೆರೆಸಿದ ಭಾರತದ ಭಿಕ್ಷು ಬೋಧಿಸೇನನ ಕಥೆ, ಇನ್ನೊಂದು ವಾರಕ್ಕಿರಲಿ.)

ಎಲ್ಲರೂ ಚಿತ್ರ ತೆಗೆಯುತ್ತಿದ್ದರು. ಮೇಷ್ಟರು ಹೆಬ್ಬಾಗಿಲಿನ ಸೂರಿನ ಕೆಳಗೆ ಒದ್ದೆಯ ಕಾಲುಚೀಲವನ್ನು ಹಿಂಡುತ್ತ ನಿಂತಿದ್ದರು. ನಾನು ಹತ್ತಿರ ಹೋಗಿ, “ಮೇಷ್ಟರೇ, ನಿನ್ನೆ ರೈಲಿನಲ್ಲಿ ನಾನೂ ಹೂವಿಗೆ ಕೈ ಎತ್ತಿದ್ದೆ” ಎಂದೆ.

“ನೋಡಿದೆ ಸ್ವಾಮಿ” ಎಂದರು ಅವರು, ಕಾಲುಚೀಲವನ್ನು ಕೊಡವುತ್ತ. “ಮೂವತ್ತೆರಡು ವರ್ಷ ಮೇಷ್ಟರಾಗಿದ್ದವನಿಗೆ, ಹಿಂದಿನ ಬೆಂಚಿನಲ್ಲಿ ಯಾರು ಯಾವುದಕ್ಕೆ ಕೈ ಎತ್ತಿದರು ಎಂಬುದು ಕಾಣದೆ ಇರುತ್ತದೆಯೆ?”