ಈ ಸಲ ಜ್ವಾಲಾಮುಖಿ ಬೇಡ, ಹೊಳೆ ತನ್ನಿ



ವಿಜ್ಞಾನ ಮೇಳಕ್ಕೆ ಹೋದವರಿಗೆಲ್ಲ ಇದು ಗೊತ್ತು. ಯಾವ ಮೇಳವೇ ಇರಲಿ, ಮಣ್ಣಿನಲ್ಲೋ ಥರ್ಮೋಕೋಲಿನಲ್ಲೋ ಮಾಡಿದ ಒಂದೆರಡು ಜ್ವಾಲಾಮುಖಿ ಇದ್ದೇ ಇರುತ್ತದೆ. ಒಳಗೆ ಅಡುಗೆ ಸೋಡಾ, ಮೇಲಿಂದ ಕೆಂಪು ಬಣ್ಣ ಹಾಕಿದ ವಿನೆಗರ್. ಬುಸ್ಸೆಂದು ನೊರೆ ಉಕ್ಕುತ್ತದೆ, ಸುತ್ತ ನಿಂತವರು ಚಪ್ಪಾಳೆ ತಟ್ಟುತ್ತಾರೆ. ಕಳೆದ ವರ್ಷ ಒಂದು ಮೇಳದಲ್ಲಿ ಅಂಥ ಜ್ವಾಲಾಮುಖಿಗೆ ಬಹುಮಾನ ಬಂತು. ಅದರ ಪಕ್ಕದ ಮೇಜಿನಲ್ಲಿ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಹನ್ನೆರಡು ಬಾಟಲಿ ಇಟ್ಟುಕೊಂಡು ನಿಂತಿದ್ದಳು. ತನ್ನ ಊರಿನ ಹನ್ನೆರಡು ಬಾವಿಗಳ ನೀರು. ದಾಸವಾಳದ ರಸ ಹಾಕಿ ಯಾವುದು ಎಷ್ಟು ಹುಳಿ ಅಂತ ಬಣ್ಣ ನೋಡಿ ಬರೆದಿದ್ದಳು. ತೀರ್ಪುಗಾರರು ಎರಡು ನಿಮಿಷವೂ ಅಲ್ಲಿ ನಿಲ್ಲಲಿಲ್ಲ. ಆ ತೀರ್ಪುಗಾರರಲ್ಲಿ ನಾನೂ ಒಬ್ಬ.

ಅದು ನನ್ನ ಮನಸ್ಸಿನಲ್ಲಿ ಕೊರೆಯುತ್ತಲೇ ಇತ್ತು. ಇತ್ತೀಚೆಗೆ ಜಪಾನಿನ ಕುಸತ್ಸು ಎಂಬ ಬಿಸಿನೀರಿನ ಊರಿನ ಬಗ್ಗೆ ಓದಿದ ಮೇಲೆ, ನಾವು ತಪ್ಪು ಮಾಡಿದೆವು ಎನ್ನುವುದು ಖಚಿತವಾಯಿತು. ಯಾಕೆ ಅಂತ ಹೇಳುತ್ತೇನೆ.

ಕುಸತ್ಸು ಇರುವುದು ಗುನ್ಮಾ ಪ್ರಾಂತದಲ್ಲಿ, ಸಮುದ್ರಮಟ್ಟದಿಂದ ಸುಮಾರು 1,200 ಮೀಟರ್ ಎತ್ತರದಲ್ಲಿ. ಪಕ್ಕದಲ್ಲೇ ಜೀವಂತ ಜ್ವಾಲಾಮುಖಿ. 2018ರ ಜನವರಿಯಲ್ಲಿ ಅದು ಏಕಾಏಕಿ ಸಿಡಿದು ಒಬ್ಬರ ಜೀವವೇ ಹೋಯಿತು. ಅದೇ ಶಾಖ ನೆಲದಡಿಯ ನೀರನ್ನು ಕಾಯಿಸಿ ಮೇಲೆ ಕಳಿಸುತ್ತದೆ. ಊರಿನ ಎಲ್ಲ ಬುಗ್ಗೆಗಳೂ ಸೇರಿ ನಿಮಿಷಕ್ಕೆ 32,000 ಲೀಟರಿಗೂ ಹೆಚ್ಚು ನೀರು, ಪಂಪಿಲ್ಲದೆ ತಾನಾಗಿ ಉಕ್ಕುತ್ತದೆ. ಊರ ನಡುವೆ 'ಯುಬತಾಕೆ' ಇದೆ. ಬಿಸಿನೀರಿನ ಹೊಲ ಎಂದು ಅದರ ಅರ್ಥ. ಮರದ ಉದ್ದುದ್ದ ದೋಣಿಗಳಲ್ಲಿ ನೀರು ಹರಿದು ತಣಿಯುತ್ತದೆ. ದೋಣಿಯ ತಳದಲ್ಲಿ ಕೂರುವ ಗಂಧಕದ ಹಳದಿ ಪುಡಿಯನ್ನು ಕೆರೆದು ಮಾರುತ್ತಾರೆ. ಕೊಳೆತ ಮೊಟ್ಟೆಯ ವಾಸನೆ ಊರೆಲ್ಲ. ಅದು ಹೈಡ್ರೋಜನ್ ಸಲ್ಫೈಡ್.

ಹಾಗಿದ್ದರೂ ನೀರು ಮೈಗೆ ಹಾಕಲಾರದಷ್ಟು ಬಿಸಿ. ತಣ್ಣೀರು ಬೆರೆಸಿದರಾಯಿತಲ್ಲ ಅನ್ನುತ್ತೀರಾ? ಲೆಕ್ಕ ಹಾಕಿ. 54 ಡಿಗ್ರಿಯ ಮೂರು ಬಕೆಟ್ ನೀರಿಗೆ 14 ಡಿಗ್ರಿಯ ಒಂದು ಬಕೆಟ್ ಸೇರಿಸಿದರೆ ನಾಲ್ಕು ಬಕೆಟ್, 44 ಡಿಗ್ರಿ. ಆದರೆ ಅದರಲ್ಲಿ ಕಾಲು ಭಾಗ ಬರೀ ನೀರು. ಬುಗ್ಗೆಯ ಗುಣ ಅಷ್ಟು ಕಮ್ಮಿಯಾಯಿತು. ಅದಕ್ಕೇ ಅಲ್ಲಿನವರು ಸುಮಾರು ಆರಡಿ ಉದ್ದದ ಮರದ ಹಲಗೆ ಹಿಡಿದು, ಹಾಡು ಹೇಳುತ್ತಾ ನೀರನ್ನು ಮಗುಚುತ್ತಾರೆ. ಇದಕ್ಕೆ 'ಯುಮೊಮಿ' ಎಂದು ಹೆಸರು. ನಿಮ್ಮ ಮನೆಯಲ್ಲಿ ಅಜ್ಜಿ ಲೋಟದಿಂದ ಲೋಟಕ್ಕೆ ಚಹಾ ಎತ್ತಿ ಹೊಯ್ದು ಆರಿಸುವುದಿಲ್ಲವೇ? ಅದೇ ವಿಜ್ಞಾನ. ಗಾಳಿ ತಾಗಿದಷ್ಟು ಆವಿಯಾಗುತ್ತದೆ, ಆವಿ ಹೋಗುವಾಗ ಶಾಖ ಒಯ್ಯುತ್ತದೆ.

ಸ್ನಾನದ ಕೊಳಕ್ಕೆ ಇಳಿಯುವ ಮೊದಲು ಹೊರಗೆ ಕೂತು ಮೈ ಪೂರ್ತಿ ತೊಳೆದುಕೊಳ್ಳಬೇಕು, ಕೊಳದಲ್ಲಿ ಸೋಪು ಕೂಡದು. ನೀರು ಎಲ್ಲರದ್ದು ಅನ್ನುವ ಲೆಕ್ಕ. ಆ ನೀರಿನಿಂದ ರೋಗ ವಾಸಿಯಾಗುತ್ತದೆ ಎಂಬ ನಂಬಿಕೆ ಹಳೆಯದು. 1876ರಲ್ಲಿ ಜಪಾನಿಗೆ ವೈದ್ಯಶಾಸ್ತ್ರ ಕಲಿಸಲು ಬಂದ ಜರ್ಮನಿಯ ಡಾಕ್ಟರ್ ಎರ್ವಿನ್ ಬೆಲ್ಟ್ಸ್ ಕೂಡ ಕುಸತ್ಸುವನ್ನು ಹೊಗಳಿದ್ದರು. ಆ ನೀರಿನ ಪಿಎಚ್ ಸುಮಾರು 2, ನಿಂಬೆರಸದಷ್ಟು. ಹೆಚ್ಚಿನ ಬ್ಯಾಕ್ಟೀರಿಯಾ ಅದರಲ್ಲಿ ಬದುಕುವುದಿಲ್ಲ. ಹಾಗಾಗಿ ಚರ್ಮಕ್ಕೆ ಒಂದಿಷ್ಟು ಉಪಯೋಗ ಇರಬಹುದು ಎಂದು ಒಪ್ಪೋಣ. ಎಲ್ಲ ರೋಗಕ್ಕೂ ಮದ್ದು ಅಂದರೆ ಒಪ್ಪುವುದು ಬೇಡ. ಅಷ್ಟು ಬಿಸಿನೀರು ಹೃದಯದ ತೊಂದರೆ ಇರುವವರಿಗೆ ಅಪಾಯವನ್ನೂ ತರಬಹುದು.

ಪ್ರವಾಸದ ಪುಸ್ತಕಗಳು ಇಲ್ಲಿಗೇ ನಿಲ್ಲುತ್ತವೆ. ನನ್ನ ಮಾತು ಇಲ್ಲಿಂದ ಶುರು. ಸ್ನಾನ ಮುಗಿದ ಮೇಲೆ ಆ ನೀರು ಎಲ್ಲಿಗೆ ಹೋಗುತ್ತದೆ?

ಊರಿನ ಹೊಳೆಗೆ. ಹೆಸರು ಯುಕಾವಾ, ಬಿಸಿನೀರಿನ ಹೊಳೆ. ಅದರ ನೀರು ಕೊನೆಗೆ ಕೆಳಗೆ ಅಗತ್ಸುಮಾ ನದಿಗೆ ಸೇರುತ್ತದೆ. ಹಿಂದೆ ಆ ನದಿಯಲ್ಲಿ ಮೀನಿರಲಿಲ್ಲ. ನೀರು ಬೇಸಾಯಕ್ಕೆ ಬರುತ್ತಿರಲಿಲ್ಲ. ಸೇತುವೆ ಕಟ್ಟಿದರೆ ಕಾಂಕ್ರೀಟು ಸವೆಯುತ್ತಿತ್ತು, ಕಬ್ಬಿಣ ಕರಗುತ್ತಿತ್ತು. ಜನ ಅದನ್ನು ಸತ್ತ ನದಿ ಎನ್ನುತ್ತಿದ್ದರು. ನೀರು ಬೆರೆತು ತಾನಾಗಿ ಸರಿಹೋಗಲಿ ಅಂದರೆ ಆಗುವ ಮಾತಲ್ಲ. ಪಿಎಚ್ ಒಂದು ಅಂಕಿ ಏರಬೇಕಾದರೆ ಆಮ್ಲ ಹತ್ತು ಪಟ್ಟು ತೆಳುವಾಗಬೇಕು. 2ರಿಂದ 4ಕ್ಕೆ ಬರಲು ಒಂದು ಕೊಡ ನೀರು ನೂರು ಕೊಡ ಆಗಬೇಕು. 7ರ ಹತ್ತಿರ ಬರಲು ಲಕ್ಷ ಕೊಡ!

1964ರಲ್ಲಿ ಅಲ್ಲಿ ಒಂದು ಘಟಕ ಕೆಲಸ ಶುರು ಮಾಡಿತು. ಸುಣ್ಣಕಲ್ಲಿನ ಪುಡಿಯನ್ನು ನೀರಿಗೆ ಕಲಸಿ, ಹಾಲಿನಂತೆ ಮಾಡಿ, ಹೊಳೆಗೆ ಬಿಡುತ್ತಾರೆ. ದಿನಕ್ಕೆ ಹತ್ತಾರು ಟನ್. ಹಗಲೂ ರಾತ್ರಿ, ವರ್ಷದ 365 ದಿನ. ಪಾಠದಲ್ಲಿ ಒಂದೇ ಸಾಲು: ಆಮ್ಲ + ಸುಣ್ಣಕಲ್ಲು → ಲವಣ + ನೀರು + ಕಾರ್ಬನ್ ಡೈ ಆಕ್ಸೈಡ್. ಅಲ್ಲಿ ಅದು ಅರುವತ್ತು ವರ್ಷಗಳ ದುಡಿಮೆ. ನದಿಗೆ ಮೀನು ವಾಪಸ್ಸು ಬಂತು, ನೀರು ಗದ್ದೆಗೂ ಬಂತು. ಕತೆ ಅಷ್ಟಕ್ಕೆ ಮುಗಿಯಲಿಲ್ಲ. ಕ್ರಿಯೆಯಿಂದ ಬರುವ ಕೆಸರು ಕೂರಲೆಂದು ಕೆಳಗೆ ಶಿನಾಕಿ ಅಣೆಕಟ್ಟು ಕಟ್ಟಿದರು. ಈಗ ಆ ಕೆಸರು ತುಂಬುತ್ತಾ ಬರುತ್ತದೆ. ಅದನ್ನು ಎತ್ತಬೇಕು, ಎಲ್ಲಾದರೂ ಹಾಕಬೇಕು. ಒಂದು ದಿನ ಸುಣ್ಣ ನಿಲ್ಲಿಸಿದರೆ ಹೊಳೆ ಮತ್ತೆ ಹುಳಿ.

ಈಗ ನೋಡಿ ಮಕ್ಕಳೇ, ನಮ್ಮ ಮೇಳದ ಜ್ವಾಲಾಮುಖಿಯಲ್ಲಿ ನಡೆಯುವುದು ಏನು? ಸೋಡಾ ಮತ್ತು ವಿನೆಗರ್, ಅಂದರೆ ಅದೇ ತಟಸ್ಥೀಕರಣ. ಅದಕ್ಕೂ ಲಾವಾಕ್ಕೂ ಸಂಬಂಧವೇ ಇಲ್ಲ. ಕುಸತ್ಸುವಿನ ಹೊಳೆಯನ್ನು ಬದುಕಿಸಿದ ಕ್ರಿಯೆಗೆ ನಾವು ಕೆಂಪು ಬಣ್ಣ ಹಾಕಿ, ಬೇರೆ ಹೆಸರಿಟ್ಟು ಬಹುಮಾನ ಕೊಡುತ್ತಿದ್ದೇವೆ. ಬಾವಿಯ ನೀರು ಹುಳಿಯಾ ಅಂತ ನಿಜವಾಗಿ ಕೇಳಿದ ಹುಡುಗಿಯನ್ನು ದಾಟಿ ಹೋಗುತ್ತೇವೆ. ಜ್ವಾಲಾಮುಖಿ ಮಾಡಿದರೆ ಮಕ್ಕಳಿಗೆ ಕುತೂಹಲ ಹುಟ್ಟುತ್ತದೆ ಎಂದು ನನ್ನ ಸಹೋದ್ಯೋಗಿಗಳು ಹೇಳುತ್ತಾರೆ. ಐದನೆಯ ತರಗತಿಗೆ ಸರಿ. ಹೈಸ್ಕೂಲಿಗೂ ಅದೇ ಆದರೆ ಕುತೂಹಲ ಬೆಳೆಯುವುದು ಯಾವಾಗ?

ಆದ್ದರಿಂದ ಈ ಸಲ ಹೀಗೆ ಮಾಡಿ. ದಾಸವಾಳದ ರಸ ಹಾಕಿದ ನಿಂಬೆನೀರು ಒಂದು ಲೋಟ ತೆಗೆದುಕೊಳ್ಳಿ. ಅದು ಕೆಂಪಾಗಿರುತ್ತದೆ. ಮೊಟ್ಟೆಯ ಸಿಪ್ಪೆಯೋ ಮರುವಾಯಿ ಚಿಪ್ಪೋ ಪುಡಿ ಮಾಡಿ ಚೂರುಚೂರೇ ಹಾಕಿ, ಕಾಯಿರಿ, ಬಣ್ಣ ನೋಡಿ. ಬೋರ್ಡಿನ ಚಾಕ್ ಬೇಡ, ಅದು ಹೆಚ್ಚಾಗಿ ಜಿಪ್ಸಂ, ನೊರೆ ಬರುವುದಿಲ್ಲ. ಎಷ್ಟು ಪುಡಿ ಬೇಕಾಯಿತು ಬರೆದಿಡಿ. ತಳದಲ್ಲಿ ಉಳಿದದ್ದನ್ನು ಸೋಸಿ, ಒಣಗಿಸಿ, ತೂಗಿ. ಮರುದಿನ ಮತ್ತೆ ಮಾಡಿ. ವಾರ ಕಳೆದಾಗ ಮೇಜಿನ ಮೇಲೆ ಏಳು ಪೊಟ್ಟಣ ಕೆಸರು ಇರುತ್ತದೆ. ತೀರ್ಪುಗಾರರು ಬಂದಾಗ ಅದನ್ನು ತೋರಿಸಿ ಕೇಳಿ: "ಸರ್, ಇದನ್ನು ಎಲ್ಲಿ ಹಾಕುವುದು?"

ಇನ್ನೊಂದು ಮಾತು. ಕಾಸರಗೋಡಿನವರಿಗೆ ಬಿಸಿನೀರಿನ ಬುಗ್ಗೆ ದೂರವಿಲ್ಲ. ಪುತ್ತೂರು ತಾಲೂಕಿನ ಇರ್ದೆಯಲ್ಲಿ ಬೆಂದ್ರ್ ತೀರ್ಥ ಇದೆ. ಹೆಸರಲ್ಲೇ ಬಿಸಿ ಇದೆ. ಹಾಗಾದರೆ ಪುತ್ತೂರಿನಲ್ಲಿ ಜ್ವಾಲಾಮುಖಿ ಇದೆಯಾ? ಇಲ್ಲ. ಭೂಮಿಯೊಳಗೆ ಇಳಿದಂತೆ ಕಿಲೋಮೀಟರಿಗೆ ಸುಮಾರು 25ರಿಂದ 30 ಡಿಗ್ರಿ ಶಾಖ ಏರುತ್ತದೆ. ಬಿರುಕಿನಲ್ಲಿ ಆಳಕ್ಕೆ ಇಳಿದ ಮಳೆನೀರು ಬಿಸಿಯಾಗಿ ಮೇಲೆ ಬರಲು ಅಷ್ಟೇ ಸಾಕು. ಹೋದರೆ ಥರ್ಮಾಮೀಟರ್ ಒಯ್ಯಿರಿ.

ನಾನು ಕುಸತ್ಸು ನೋಡಿದವನಲ್ಲ. ಆದರೆ ಇನ್‌ಸ್ಪೈರ್ ಮಾನಕ್ ಪ್ರಶಸ್ತಿ ಪಡೆದ ನಮ್ಮ ದೇಶದ ಮಕ್ಕಳು ಸಕುರಾ ಸೈನ್ಸ್ ಕಾರ್ಯಕ್ರಮದಲ್ಲಿ ಜಪಾನಿಗೆ ಹೋಗಿ ಬಂದಿದ್ದಾರೆ. ನಾಳೆ ನಿಮ್ಮಲ್ಲೊಬ್ಬರು ಹೋಗಬಹುದು, ಕನ್ನಡ ಮಾಧ್ಯಮದಿಂದಲೇ. ಹೋದರೆ, ಬಿಡುವು ಸಿಕ್ಕಿದರೆ, ಕೊಳದಲ್ಲಿ ಕಾಲು ಇಳಿಬಿಟ್ಟು ಫೋಟೋ ತೆಗೆಸಿಕೊಳ್ಳಿ, ಬೇಡ ಅನ್ನುವುದಿಲ್ಲ. ಆಮೇಲೆ ಹೊಳೆಯ ಬದಿಗೆ ನಡೆದು, ಬಿಳಿ ಸುಣ್ಣದ ನೀರು ಬೀಳುವ ಜಾಗ ನೋಡಿ ಬನ್ನಿ.

ಬಾಟಲಿಯ ಹುಡುಗಿ ಇದನ್ನು ಓದುತ್ತಿದ್ದರೆ, ಮಗೂ, ಆ ಹನ್ನೆರಡು ಬಾವಿಗಳ ಲೆಕ್ಕ ಎಸೆದಿಲ್ಲ ತಾನೇ? ಮಳೆಗಾಲ ಕಳೆದ ಮೇಲೆ ಇನ್ನೊಮ್ಮೆ ನೋಡು. ಈ ಸಲ ನಿಂತು ಕೇಳುತ್ತೇನೆ.